ಬಡೇಮಿಯಾ ಓಡಿದ ದಿನ

ಮಾನ್ವಿಯ ಅಕ್ಕಿ ಗಿರಣಿಯ ವಿರೂಪಣ್ಣ ಸಾವುಕಾರರ ಡ್ರೈವರ್ ಮೀರಾಹುಸೇನ ಎಂಥವನೆಂದರೆ, ಅವನನ್ನು ಬೈದರೆ ನಗುತ್ತಿದ್ದ, ಅವನ ಗಾಡಿಯನ್ನು ಬೈದರೆ ತೋಳು ಏರಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದುಂಟು. ಆದರೆ ಆ ಗಾಡಿಯನ್ನು ಹೆಗ್ಗಣ ಅನ್ನುವವನು ಕುರುಡನೇ ಆಗಿರಬೇಕು.

ನಿಜಾಮರ ಕಾಲದಲ್ಲಿ ರಾಯಚೂರಿನ ಒಬ್ಬ ಜಾಗೀರದಾರ ವೇಗದ ಹುಚ್ಚು ಹಿಡಿದು ವಿಲಾಯತಿಯಿಂದ ಹಡಗಿನಲ್ಲಿ ತರಿಸಿದ ಕಾರು ಅದು. ಇದ್ದದ್ದು ಎರಡೇ ಸೀಟು. ಮೂತಿಯೇ ಗಾಡಿಯ ಅರ್ಧಕ್ಕಿಂತ ಹೆಚ್ಚು, ತಲೆಯ ಮೇಲೆ ಬಯಲು ಆಕಾಶ. ಜಾಗೀರು ಹೋದ ಮೇಲೆ ಜಾಗೀರದಾರ ಹೈದರಾಬಾದಿಗೆ ಹೋದ, ಕಾರು ಬಂಗಲೆಯ ಕುದುರೆ ಲಾಯದಲ್ಲಿ ಧೂಳು ತಿನ್ನುತ್ತ ಉಳಿಯಿತು. ವಿರೂಪಣ್ಣನ ತಂದೆ ಅದನ್ನು ಎತ್ತು ಹೂಡಿ ಎಳೆಸಿಕೊಂಡು ಮಾನ್ವಿಗೆ ತಂದರು. ಊರೆಲ್ಲ ನಕ್ಕಿತು. ಆಗ ಅದರೊಳಗೆ ಮತ್ತೆ ಜೀವ ತುಂಬಿದವನು ಮೀರಾಹುಸೇನ. ಅವನಪ್ಪ ರಾಯಚೂರು ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಮಗ ಕುದುರೆಗೆ ಮಾತಾಡಿದಂತೆಯೇ ಕಾರಿಗೂ ಮಾತಾಡಿದ, ಅದು ಒಂದು ಬೆಳಿಗ್ಗೆ ಗಿರಣಿಯ ಪಾರಿವಾಳಗಳೆಲ್ಲ ಹಾರಿಹೋಗುವ ಹಾಗೆ ಗುಡುಗಿ ಎದ್ದಿತು. ಅಂದಿನಿಂದ ಅದರ ಹೆಸರು ಬಡೇಮಿಯಾ, ಅಂದರೆ ದೊಡ್ಡ ಸಾಹೇಬರು.

ಬಡೇಮಿಯಾನ ದೌಲತ್ತು ಒಂದೆರಡಲ್ಲ. ಚಳಿಯಲ್ಲಿ ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕು. ಒಂದು ಗೇರು ಬದಲಿಸಲು ಎರಡು ಸಲ ಕ್ಲಚ್ ತುಳಿಯಬೇಕು, ತಪ್ಪಿದರೆ ಹಲ್ಲು ಕಡಿಯುತ್ತದೆ. ಬ್ರೇಕು ಒತ್ತಿದರೆ ಯೋಚನೆ ಮಾಡಿ ನಿಲ್ಲುತ್ತದೆ. ದನಿಯಂತೂ ಒಂದು ಹರದಾರಿ ದೂರಕ್ಕೆ ಕೇಳುತ್ತದೆ. ಹಾಗಾಗಿ ಮೀರಾಹುಸೇನ ಹಾರ್ನ್ ಬಾರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ಬರುವ ಮೊದಲೇ ದನ, ಜನ, ಬಂಡಿ ಎಲ್ಲ ದಾರಿ ಬಿಟ್ಟು ನಿಂತಿರುತ್ತಿದ್ದವು. ಅವನ ಹೆಂಡತಿ ಮುನವ್ವರ್ ಬೀ, "ನನಗ ಸವತಿ ಅಂತ ಇದ್ರ ಅದೊಂದೇ, ಅದೂ ಗಂಟಲು ದೊಡ್ಡದು" ಎಂದು ನೆರೆಯವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಹೀಗಿರುವಾಗ ಎಂಬತ್ತಾರನೇ ಇಸವಿಯ ದಸರೆ ಮುಗಿದ ವಾರ ಸಾವುಕಾರರ ಅಕ್ಕನ ಮಗ ಮರಿಸ್ವಾಮಿ ಬೊಂಬಾಯಿಯಿಂದ ಒಂದು ಕಾರು ತಂದ. ರಾಯಚೂರಿನಲ್ಲಿ ಹತ್ತಿ ವ್ಯಾಪಾರ ಮಾಡುವ ಹುಡುಗ, ಕೈಯಲ್ಲಿ ಕಾಸು, ತಲೆಯಲ್ಲಿ ಗಾಳಿ. ಕಾರು ಕೆಂಪು ಮೆಣಸಿನಕಾಯಿ ಬಣ್ಣದ್ದು. ನೆಲಕ್ಕೆ ಅಂಟಿಕೊಂಡಂತೆ ಕುಳ್ಳಗೆ, ಕಿವಿ ಹಿಂದಕ್ಕೆ ಮಡಚಿದ ಬೇಟೆ ನಾಯಿಯ ಹಾಗೆ ನಿಂತಿತ್ತು. ಯಾವುದೋ ಪರದೇಶದ್ದು, ಸ್ಟೇರಿಂಗು ಎಡಕ್ಕೆ. ರಾಯಚೂರಿನ ದವಸದ ಮಾರುಕಟ್ಟೆ ಗಂಜ್‌ನ ಗೇಟಿನ ಮುಂದೆ, ಅಮೀರ್ ಸಾಬನ ಚಹಾದ ಹೋಟೆಲಿನೆದುರು ಅದು ಬಂದು ನಿಂತಾಗ ಹಮಾಲರು ಹೆಗಲ ಮೇಲಿನ ಚೀಲ ಇಳಿಸುವುದನ್ನೂ ಮರೆತು ನೋಡಿದರು.

ಸಾವುಕಾರರನ್ನು ಮಾನ್ವಿಯಿಂದ ಗಂಜಿಗೆ ಕರೆತಂದಿದ್ದ ಮೀರಾಹುಸೇನ ಅಲ್ಲೇ ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿ ಬಡೇಮಿಯಾ ನಿಂತಿತ್ತು.

"ಹೆಂಗದ ಮೀರಾ ಸಾಬ್?" ಅಂದ ಮರಿಸ್ವಾಮಿ.

"ಚಂದ ಅದರಿ. ಆದ್ರ ಗುಣ ಇಲ್ಲ."

"ಗುಣ? ಗಾಡಿಗೆ ಎಂಥಾ ಗುಣಲೇ?"

"ಕೀಲಿ ತಿರುವಿದ್ರ ಏಳ್ತದ, ತುಳಿದ್ರ ಓಡ್ತದ. ಯಾರು ಕುಂತ್ರೂ ಹಂಗೇ. ಸಿಟ್ಟಿಲ್ಲ, ಹಟ ಇಲ್ಲ. ಸಿಟ್ಟು ಬರಲಾರದ ಮನಿಷಾ ಮನಿಷಾ ಅಲ್ಲ, ಗಾಡೀನೂ ಅಷ್ಟೇ. ಈಗಿನ ಗಾಡಿ ಎಲ್ಲಾ ಇಷ್ಟೇ ನೋಡ್ರಿ, ಓಟ ಅದ, ಖದರ್ ಇಲ್ಲ."

ಹೋಟೆಲಿನಲ್ಲಿ ಇದ್ದವರು ಎರಡು ಪಕ್ಷ ಆದರು. ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಗಂಜಿನೊಳಗಿಂದ ವಿರೂಪಣ್ಣ ಸಾವುಕಾರರು ಬಂದರು. ಮರಿಸ್ವಾಮಿ ಸುಮ್ಮನಿರಬೇಕಲ್ಲ, ನಾಲಿಗೆ ಉದ್ದ ಬಿಟ್ಟ. "ಮಾವ, ಆ ಹಳೇ ತಗಡು ಗುಜರಿಗೆ ಹಾಕ್ರಿ. ಅದರಾಗ ಕುಂತು ಬರೂದು ನೋಡಿದ್ರ ನಮ್ಮ ಮನೆತನದ ಮರ್ಯಾದಿ ಹೋಗ್ತದ."

ಸಾವುಕಾರರಿಗೆ ಮೂಗಿನ ತುದಿಯಲ್ಲೇ ಕೋಪ. "ಮರ್ಯಾದಿ ಅಂದ್ಯಾ? ಇಲ್ಲಿಂದ ದೇವದುರ್ಗದ ಬಸ್ ಸ್ಟ್ಯಾಂಡಿಗೆ ಎರಡೂ ಓಡ್ಲಿ. ನನ್ನದು ಸೋತ್ರ ನಾಳೇನ ಗುಜರಿಗೆ. ಇಷ್ಟು ಮಂದಿ ಮುಂದ ಹೇಳೀನಿ, ಮಾತಂದ್ರ ಮಾತು."

ಮೀರಾಹುಸೇನ ಚಹಾದ ಲೋಟ ಅರ್ಧಕ್ಕೇ ಕೆಳಗಿಟ್ಟ. ಆದರೂ ಧೈರ್ಯ ಇತ್ತು. ರಸ್ತೆ ಅವನಿಗೆ ಅಂಗೈ ಇದ್ದ ಹಾಗೆ, ಗುಂಡಿ ಗುಂಡಿಯ ಪರಿಚಯ. ಅವನು ಎದ್ದು ಬಡೇಮಿಯಾನ ಬಾಗಿಲಿಗೆ ಕೈ ಹಾಕಿದ.

"ನೀ ಅಲ್ಲಿ ಯಾಕ ಹೊಂಟಿ?" ಅಂದರು ಸಾವುಕಾರರು. "ಎತ್ತಿನ ಸಂತ್ಯಾಗ ಹೆಂಗ ನೋಡ್ತೀವಿ? ಸಾಕಿದವನ ಕೈಯಾಗ ಯಾವ ಎತ್ತಾದ್ರೂ ನೆಟ್ಟಗ ನಡೀತದ. ಹೊರಗಿನವನ ಕೈಯಾಗ ಕೊಟ್ಟು ಹೂಡಿದ್ರ ಅದರ ಗುಣ ಕಾಣ್ತದ. ಮರಿಸ್ವಾಮಿ, ನೀ ಬಡೇಮಿಯಾ ಹತ್ತು. ಮೀರಾ, ನೀ ಆ ಕೆಂಪು ಗಾಡಿ ಹಿಡಿ. ಇಬ್ಬರೂ ಗೆಲ್ಲಾಕಂತನ ಓಡಸಬೇಕು."

ಜನ ಸಿಳ್ಳೆ ಹಾಕಿದರು. ಎತ್ತಿನ ನ್ಯಾಯವನ್ನು ಮೋಟಾರಿಗೆ ಹಚ್ಚಿದ್ದು ಆ ಗಂಜಿನಲ್ಲಿ ಒಬ್ಬರಿಗೂ ವಿಚಿತ್ರ ಅನ್ನಿಸಲಿಲ್ಲ, ಸರಿ ಸರಿ ಅಂದರು. ಮೀರಾಹುಸೇನ ಮಾತ್ರ ಬಡೇಮಿಯಾನ ಬಾಗಿಲ ಮೇಲಿನ ಕೈ ತೆಗೆಯಲಿಲ್ಲ. ತಾನು ಗೆದ್ದರೆ ಬಡೇಮಿಯಾ ಗುಜರಿಗೆ ಹೋಗುತ್ತದೆ. ತನ್ನ ಕೈಯಿಂದಲೇ.

ಅವನ ಮುಖ ನೋಡಿದ ಸಾವುಕಾರರು ಬಂದು ಕೆಂಪು ಕಾರಿನಲ್ಲಿ ಅವನ ಪಕ್ಕದಲ್ಲೇ ಕುಳಿತರು. "ನನ್ನ ಮನಿ ಉಪ್ಪು ತಿಂದೀ. ನಿಯತ್ತಿನಿಂದ ಓಡಸು. ಬೇಕಂತ ಹಿಂದ ಬಿದ್ರ ಸೋತದ್ದು ಗಾಡಿ ಅಲ್ಲ, ನಾನು."

"ಆತ್ರಿ ಸಾವ್ಕಾರ್ರ," ಅಂದ. ಕೀಲಿ ತಿರುವಿದ.

ಅಮೀರ್ ಸಾಬ್ ಹೆಗಲ ಮೇಲಿನ ವಸ್ತ್ರ ಬೀಸಿದ. ಮರಿಸ್ವಾಮಿ ಬಡೇಮಿಯಾನ ಹಲ್ಲು ಕಡಿಸುತ್ತ ಹೊರಟ, ಆ ಸದ್ದಿಗೆ ಮೀರಾಹುಸೇನ ಕಿಟಕಿಯಿಂದ ತಲೆ ಹೊರಹಾಕಿದ. "ಎರಡು ಸಲ ತುಳೀರಿ! ಎರಡು ಸಲ!" ಎಂದು ಕೂಗಿದ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ, ಮರಿಸ್ವಾಮಿ ಗೇರಿನ ಕೋಲಿಗೇ ಬೈಯುತ್ತಿದ್ದ. ಇತ್ತ ಇವನ ಕಷ್ಟವೂ ಕಡಿಮೆಯಿರಲಿಲ್ಲ. ಎಡಕ್ಕೆ ಕುಳಿತು ಬಲಗೈಯಲ್ಲಿ ಗೇರು ಹಾಕುವುದೆಂದರೆ ಎಡಗೈಯಲ್ಲಿ ಊಟ ಮಾಡಿದ ಹಾಗೆ. ಊರು ದಾಟುವ ತನಕ ಎರಡು ಕಾರೂ ಹೊಸದಾಗಿ ಮದುವೆಯಾದವರಂತೆ ತಡವರಿಸಿಕೊಂಡೇ ಸಾಗಿದವು.

ಕಲ್ಮಲಾ ಬಿಟ್ಟ ಮೇಲೆ ರಸ್ತೆ ನೆಟ್ಟಗಾಯಿತು. ಎರಡೂ ಕಡೆ ಹತ್ತಿ, ತೊಗರಿ, ಎದುರಿಗೆ ಒಂದು ಎತ್ತಿನ ಬಂಡಿಯೂ ಇಲ್ಲ. ನಿಯತ್ತಿನ ಮಾತು ನೆನಪಾಗಿ ಮೀರಾಹುಸೇನ ಕಾಲು ಊರಿದ.

ಅಬ್ಬಾ! ಕಾರು ಓಡಲಿಲ್ಲ, ಹಾರಿತು. ಬೆನ್ನು ಸೀಟಿಗೆ ಅಂಟಿತು. ಬಡೇಮಿಯಾ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು, ಕನ್ನಡಿಯಲ್ಲಿ ಚುಕ್ಕೆಯಾಯಿತು. ಸಾವುಕಾರರು ಒಂದು ಕೈಯಲ್ಲಿ ತಲೆಯ ರುಮಾಲು, ಇನ್ನೊಂದು ಕೈಯಲ್ಲಿ ಕೊರಳ ಲಿಂಗ ಹಿಡಿದು "ಶಿವಾ ಶಿವಾ" ಅನ್ನುತ್ತಿದ್ದರು. ಹೆದರಿಕೆಯಿಂದ ಅಲ್ಲ, ಖುಷಿಯಿಂದ! ಮೀರಾಹುಸೇನ ಹಲ್ಲು ಕಚ್ಚಿ ತಡೆದ, ಆಗಲಿಲ್ಲ, ನಕ್ಕೇಬಿಟ್ಟ. ತಿರುವಿನಲ್ಲಿ ಕಾರು ಅವನ ಮನಸ್ಸು ಓದಿದಂತೆ ಹೊರಳುತ್ತಿತ್ತು. ಗುಂಡಿ ಕಂಡ ಕೂಡಲೇ ಬೆರಳು ಆಡಿಸಿದರೆ ಸಾಕು, ಪಕ್ಕಕ್ಕೆ ಸರಿಯುತ್ತಿತ್ತು. ಗುಣ ಇಲ್ಲ ಅಂದದ್ದು ಸುಳ್ಳು, ಶುದ್ಧ ಸುಳ್ಳು. ಸವತಿಯ ಮೇಲೆ ಇನ್ನೊಬ್ಬ ಸವತಿಯನ್ನು ತಂದ ಗಂಡನ ಹಾಗೆ ಅವನಿಗೆ ನಾಚಿಕೆಯಾಯಿತು, ಆದರೆ ಕಾಲು ಮೇಲೇಳಲಿಲ್ಲ.

ಗಬ್ಬೂರು ಹೋಯಿತು. ಮಸರಕಲ್ ಹತ್ತಿರ ಬಂತು. ರಸ್ತೆ ಹೊರಳುವಲ್ಲಿ ಒಂದು ಬೇವಿನ ಸಾಲು ಇತ್ತು, ಮುಂದೇನಿದೆಯೆಂದು ಕಾಣುತ್ತಿರಲಿಲ್ಲ. ಕಾಣಬೇಕಾದ ಅಗತ್ಯ ಅವನಿಗೆ ಎಂದೂ ಬಿದ್ದಿರಲಿಲ್ಲ. ಅವನು ಹಾರ್ನಿನ ಕಡೆ ಕೈ ಕೂಡ ಒಯ್ಯಲಿಲ್ಲ.

ಹೊರಳಿದ. ರಸ್ತೆ ತುಂಬ ಸಜ್ಜೆಯ ತೆನೆ! ಸುಗ್ಗಿಯಲ್ಲಿ ಈ ಕಡೆ ಹೊಲದವರೆಲ್ಲ ತೆನೆಯನ್ನು ಡಾಂಬರಿನ ಮೇಲೆ ಹರವುತ್ತಾರೆ, ಹೋಗಿಬರುವ ಬಸ್ಸು ಲಾರಿಗಳ ಗಾಲಿಯೇ ಅದನ್ನು ತುಳಿದು ಕಾಳು ಬಿಡಿಸುತ್ತದೆ. ತೆನೆಯ ನಟ್ಟನಡುವೆ ಒಬ್ಬ ಮುದುಕಿ ಬೆನ್ನು ತಿರುಗಿಸಿ, ಬಗ್ಗಿ ಸಜ್ಜೆ ಹೊರಳಿಸುತ್ತಿದ್ದಳು. ಅವಳಿಗೆ ಏನೂ ಕೇಳಿಸಿರಲಿಲ್ಲ. ಕೆಂಪು ಕಾರಿಗೆ ಕೇಳಿಸುವಂಥ ಸದ್ದೇ ಇರಲಿಲ್ಲ.

"ಯಾ ಅಲ್ಲಾ!"

ಎರಡು ಕಾಲೂ ಬ್ರೇಕಿನ ಮೇಲೆ. ಕಾರು ನೆಲಕ್ಕೆ ಮೂಗು ಒತ್ತಿ, ತೆನೆಯ ಮೇಲೆ ಜಾರಿ, ಮುದುಕಿಯ ಸೀರೆಯ ಅಂಚು ತಾಗುವಷ್ಟು ಹತ್ತಿರ ನಿಂತಿತು. ಅವಳು ತಿರುಗಿ ನೋಡಿದಳು. ಮಸರಕಲ್ಲಿನ ಯಮನಮ್ಮ, ಮೀರಾಹುಸೇನನ ಹಳೆಯ ಪರಿಚಯದವಳು. ಬಡೇಮಿಯಾನ ಗಾಲಿ ಅಗಲ, ಕಾಳು ಚೆನ್ನಾಗಿ ಉದುರುತ್ತದೆ ಎಂದು ಎಷ್ಟೋ ಸುಗ್ಗಿಯಲ್ಲಿ ಅವನನ್ನು ತಡೆದು ಹಿಂದೆ ಮುಂದೆ ಓಡಿಸಿಕೊಂಡವಳು.

"ನಿನ್ನ ಹೆಣಾ ಎತ್ಲಿ ಮೀರಾ! ಕಳ್ಳ ಬಂದಂಗ ಬರ್ತೀಯಲ್ಲೋ! ಒದರೂದಕ್ಕ ಏನಾಗಿತ್ತು ನಿನಗ?"

ಅವನು ಇಳಿದು ಅವಳ ಕಾಲು ಹಿಡಿದ. ತಪ್ಪು ಗಾಡಿಯದಲ್ಲ, ಹಾರ್ನು ಮರೆತ ಕೈಯದು. ಬಡೇಮಿಯಾನ ಬ್ರೇಕು ಇದರ ಜಾಗದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಇವತ್ತು ಯಮನಮ್ಮನನ್ನು ಉಳಿಸಿದ್ದು ಈ ಕೆಂಪು ಗಾಡಿ. ಅದನ್ನು ಅವನು ಬಾಯಿಬಿಟ್ಟೇ ಹೇಳಿದ. "ಸಾವ್ಕಾರ್ರ, ಇದು ಭಾಳ ದೊಡ್ಡ ಗಾಡಿ ರೀ. ನಾ ತಿಳೀದ ಅಂದಿದ್ದೆ."

ಆಗ ದೂರದಲ್ಲಿ ಗುಡುಗಿತು.

"ಬಂತು, ಬಂತು, ಸರೀರಿ!" ಎಂದು ಯಮನಮ್ಮ ಹೊಲದಲ್ಲಿದ್ದ ಸೊಸೆಯಂದಿರಿಗೆ ಕೂಗಿ ತಾನೂ ಪಕ್ಕಕ್ಕೆ ಸರಿದಳು. ಬೇವಿನ ಸಾಲಿನಿಂದ ಬಡೇಮಿಯಾ ಹೊರಬಿತ್ತು. ಮರಿಸ್ವಾಮಿಗೆ ಗೇರು ಒಲಿದಿತ್ತು. ಕೂದಲು ಕೆದರಿ, ಮುಖ ಧೂಳಾಗಿ, ಬಾಯಿ ಪೂರ್ತಿ ತೆರೆದು "ಹೋ!" ಎಂದು ಕೂಗುತ್ತಿದ್ದ. ನಿಂತ ಕೆಂಪು ಕಾರನ್ನು ಬಳಸಿಕೊಂಡು, ಸಜ್ಜೆಯ ಮೇಲೆ ಚಟಚಟ ಹರಿದು, ಕಾಳು ಚಿಮ್ಮಿಸಿ, ಅದು ಮುಂದೆ ಹೋಗಿಯೇ ಬಿಟ್ಟಿತು.

"ಬರೂದಂದ್ರ ಹಂಗ ಬರಬೇಕು," ಅಂದಳು ಯಮನಮ್ಮ.

"ಏನು ನೋಡ್ತೀ? ಹತ್ತಲೇ!" ಎಂದು ಸಾವುಕಾರರು ಕಿರುಚಿದರು.

ಅವನು ಹತ್ತಿದ. ತೆನೆ ದಾಟುವವರೆಗೆ ಮೆಲ್ಲಗೆ, ಆಮೇಲೆ ಬಾಣ. ಈ ಸಲ ಕೈ ಹಾರ್ನಿನ ಮೇಲೇ ಇತ್ತು. ದೇವದುರ್ಗ ಇನ್ನೂ ದೂರವಿತ್ತು, ಕೆಂಪು ಕಾರಿಗೆ ಇದೇನು ಮಹಾ! ನೋಡನೋಡುತ್ತಿದ್ದಂತೆ ಬಡೇಮಿಯಾ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ರಸ್ತೆ ಅಗಲವಾಯಿತು, ಬಲಗಡೆ ಖಾಲಿ.

"ಹಿಂದ ಹಾಕು ಮೀರಾ, ಹಿಂದ ಹಾಕು!"

ಮೀರಾಹುಸೇನ ಪಕ್ಕಕ್ಕೆ ತೆಗೆದ. ಕಾಲು ಊರಬೇಕು, ಊರಲಿಲ್ಲ.

ಹಸಿರು ಬಣ್ಣದ ಆ ಉದ್ದ ಮೂತಿ ಬಿಸಿಲನ್ನು ಸೀಳಿಕೊಂಡು ಹೋಗುತ್ತಿತ್ತು. ತಂತಿಯ ಗಾಲಿಗಳು ತಿರುಗಿ ತಿರುಗಿ ಬೆಳ್ಳಿಯ ತಟ್ಟೆಗಳಾಗಿದ್ದವು. ಹಿಂಭಾಗ ಗುಂಡಿಯಲ್ಲಿ ಒಮ್ಮೆ ಕುಪ್ಪಳಿಸಿ, ಏನೂ ಆಗಿಲ್ಲವೆಂಬಂತೆ ಗತ್ತಿನಿಂದ ಕೂರುತ್ತಿತ್ತು. ಹಿಂದೆ ಧೂಳಿನ ರುಮಾಲು ಬಿಚ್ಚಿ ಬಿಚ್ಚಿ ಹಾರುತ್ತಿತ್ತು. ಮೀಸೆ ಕಪ್ಪಗಿದ್ದಾಗ ಹಿಡಿದ ಗಾಡಿ, ಈಗ ಮೀಸೆ ಬೆಳ್ಳಗಾಗಿದೆ. ಅಷ್ಟು ವರ್ಷವೂ ಅವನು ಅದರೊಳಗೇ ಕುಳಿತಿದ್ದ. ಬೇರೆ ಯಾರ ಕೈಗೂ ಒಂದು ಸಲವೂ ಕೊಟ್ಟಿರಲಿಲ್ಲ. ಬಡೇಮಿಯಾ ಓಡುವುದನ್ನು ಊರೆಲ್ಲ ನೋಡಿತ್ತು, ಅವನೊಬ್ಬ ನೋಡಿರಲಿಲ್ಲ.

ಎಷ್ಟು ಚಂದ ಓಡುತ್ತದೆ! ಅವನ ಎದೆ ಬಿರಿಯುವಷ್ಟು ಸಂತೋಷವಾಯಿತು. ಕಣ್ಣು ತುಂಬಿ ರಸ್ತೆ ಮಸುಕಾಯಿತು, ಒರೆಸಿಕೊಂಡು ಮತ್ತೆ ನೋಡಿದ. ಪಕ್ಕದಲ್ಲಿ ಸಾವುಕಾರರು ಏನೇನೋ ಬೈಯುತ್ತಿದ್ದರು. ಅವನಿಗೆ ಕೇಳಿಸಿದ್ದು ಬಡೇಮಿಯಾನ ದನಿ ಒಂದೇ.

ದೇವದುರ್ಗದ ಬಸ್ ಸ್ಟ್ಯಾಂಡಿಗೆ ಬಡೇಮಿಯಾ ಮೊದಲು ನುಗ್ಗಿತು, ಅದರ ಬಾಲಕ್ಕೆ ಮೂಗು ತಾಗಿಸಿದಂತೆ ಕೆಂಪು ಕಾರು. ಕೋಳಿಗಳು ಚದುರಿದವು, ಬಸ್ಸಿಗೆ ಕಾದವರು ಗಂಟು ಮೂಟೆ ಬಿಟ್ಟು ಓಡಿ ಬಂದರು. ಮರಿಸ್ವಾಮಿ ಬಾಗಿಲು ತೆಗೆಯದೆ ಮೇಲಿಂದಲೇ ಜಿಗಿದ. ಕೈಯಲ್ಲಿ ಬೊಬ್ಬೆ ಎದ್ದಿದ್ದವು. "ಮಾವ, ಇದನ್ನ ಗುಜರಿಗೆ ಹಾಕಿದ್ರ ನನ್ನ ಹೆಣದ ಮ್ಯಾಲೆ ಹಾಕ್ರಿ! ಏನು ಗಾಡಿ ಮಾವ! ದಾರಿ ತುಂಬಾ ನನ್ನ ಕೂಡ ಜಗಳಾಡ್ತು!"

ಸಾವುಕಾರರು ಅವನ ಕಡೆ ನೋಡಲಿಲ್ಲ. ಇಳಿದು, ಸುತ್ತಿಕೊಂಡು ಬಂದು ಮೀರಾಹುಸೇನನ ಎದುರು ನಿಂತರು. "ದಾಟೂದಿತ್ತು. ಜಾಗ ಇತ್ತು. ಬಿಟ್ಟಿ. ನಿಯತ್ತು ಅಂದಿದ್ದೆ ನಾ."

"ಬೇಕಂತ ಬಿಡ್ಲಿಲ್ರಿ ಸಾವ್ಕಾರ್ರ. ದೇವರಾಣಿ." ಅವನು ಇನ್ನೂ ಸ್ಟೇರಿಂಗು ಹಿಡಿದೇ ಕುಳಿತಿದ್ದ. "ದಾಟಿದ್ರ ಅದು ಕಾಣ್ತಿರಲಿಲ್ಲ."

ವಿರೂಪಣ್ಣ ಸಾವುಕಾರರು ಬಡೇಮಿಯಾನ ಕಡೆ ತಿರುಗಿ ನೋಡಿದರು. ಅವರು ಆ ಗಾಡಿ ಗಿರಣಿಯ ಗೇಟಿನಿಂದ ಹೊರಡುವುದನ್ನೂ ಬರುವುದನ್ನೂ ದಿನಾ ಕಂಡವರು. ತಮ್ಮ ಡ್ರೈವರ್ ಅದನ್ನು ಕಂಡಿರಲಾರ ಎಂಬುದು ಅವರಿಗೆ ಎಂದೂ ಹೊಳೆದಿರಲಿಲ್ಲ. ರುಮಾಲು ತೆಗೆದು ಮುಖ ಒರೆಸಿಕೊಂಡು, "ಗೆದ್ದದ್ದು ಗೆದ್ದಂಗ. ಬಡೇಮಿಯಾ ನಮ್ಮ ಮನ್ಯಾಗೇ ಇರ್ತದ," ಅಂದರು. ಜನ ಕೇಕೆ ಹಾಕಿದರು.

ಚಹಾ ಆಯಿತು, ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣೆ ಆಯಿತು. ಹೊರಡುವ ಹೊತ್ತಿಗೆ ಮರಿಸ್ವಾಮಿ ಮನಸ್ಸಿಲ್ಲದ ಮನಸ್ಸಿನಿಂದ ಬಡೇಮಿಯಾನ ಬಾಗಿಲು ತೆರೆದು ಹಿಡಿದು, "ಬರ್ರಿ ಮೀರಾ ಸಾಬ್, ನಿಮ್ಮ ಗಾಡಿ ತಗೋರಿ," ಅಂದ.

ಮೀರಾಹುಸೇನ ಕೆಂಪು ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ಹೋಗೂಮುಂದನೂ ನೀವೇ ಓಡಸ್ರಿ ಧಣಿ," ಅಂದ. "ಸ್ವಲ್ಪ ಜೋರಾಗೇ ಓಡಸ್ರಿ. ನಾ ಹಿಂದ ಬರ್ತೀನಿ."