ಜೇನು ಸಾಕುತ್ತಿದ್ದ ಅಯ್ಯನವರಿಗೆ ನಾನು ಮಾಡಿದ್ದು

'ಬೇರೆಯವರ ಬೆಂಕಿ' ಎಂಬ ನನ್ನ ಲೇಖನದಲ್ಲಿ ಬರುವ ಪಾದ್ರಿ ಕಲ್ಪನೆಯ ಮನುಷ್ಯರಲ್ಲ. ಅವರು ನನ್ನ ಗೆಳೆಯರು. ನನ್ನೊಬ್ಬನನ್ನು ನಂಬಿ ಅವರು ಬರೆದ ಕಾಗದವನ್ನು ನಾನು ಅಚ್ಚಿಗೆ ಕೊಟ್ಟೆ. ಆಮೇಲೆ ಅವರೇ ಎದುರು ನಿಂತು ಕೇಳಿದಾಗ — ಅದು ನೀವಲ್ಲ ಎಂದು ಸುಳ್ಳು ಹೇಳಿದೆ.

ಇಷ್ಟನ್ನು ಬರೆಯಲು ನನಗೆ ಹತ್ತು ವರ್ಷ ಬೇಕಾಯಿತು. ಆ ಲೇಖನ ಈ ಪತ್ರಿಕೆಯ ಇದೇ ಪುಟದಲ್ಲಿ ಬಂದಿತ್ತು. ಇದೂ ಇಲ್ಲೇ ಬರಲಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.

ನನ್ನನ್ನು ಓದಿದವರಿಗೆ ನನ್ನ ಕತೆ ಸ್ವಲ್ಪ ಗೊತ್ತು — ಗೊತ್ತಿರಲೆಂದೇ ಮತ್ತೆ ಮತ್ತೆ ಬರೆದುಕೊಂಡವನು ನಾನು. ಹುಟ್ಟಿದ್ದು ಹಾರನಹಳ್ಳಿ ಹತ್ತಿರದ ಒಂದು ಕೇರಿಯಲ್ಲಿ. ಅಪ್ಪ ಅರಸೀಕೆರೆ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅಜ್ಜಿ ಊರ ದೇವಸ್ಥಾನದ ಬಾಗಿಲಿನಿಂದ ಬಹು ದೂರ, ಬೀದಿಯಲ್ಲೇ ನಿಂತು ಕೈ ಮುಗಿಯುತ್ತಿದ್ದವಳು. ನಾನು ಕನ್ನಡ ಎಂ.ಎ. ಮಾಡಿ, ಜೊತೆಗೆ ಪಾಲಿ ಕಲಿತು, ಅರಸೀಕೆರೆಯ ಒಂದು ಕಾಲೇಜಿನಲ್ಲಿ ಮೇಷ್ಟ್ರಾದೆ. ತೊಂಬತ್ತರ ದಶಕದ ಮೊದಲಲ್ಲಿ ನಾನು, ನನ್ನ ಹೆಂಡತಿ, ನಮ್ಮ ಕೇರಿಯ ಇನ್ನೂ ಕೆಲವು ಮನೆಯವರು ಬುದ್ಧನಿಗೆ ಶರಣು ಹೋದೆವು. ಆ ದಿನ ನನ್ನ ಬೆನ್ನು ನೆಟ್ಟಗಾಯಿತು. ಅದರ ಬಗ್ಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆಮೇಲೆ ಈ ಪತ್ರಿಕೆಯಲ್ಲಿ ವಾರಕ್ಕೊಂದು ಅಂಕಣ ಬರೆಯತೊಡಗಿದೆ. ಧರ್ಮಗಳ ಬಗ್ಗೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಬರುವುದರ ಬಗ್ಗೆ. ಜನ ಓದಿದರು, ಭಾಷಣಕ್ಕೆ ಕರೆದರು. "ಎಲ್ಲವನ್ನೂ ಬಿಟ್ಟು ಬಂದವರು" ಎಂದು ವೇದಿಕೆಯ ಮೇಲೆ ನನ್ನನ್ನು ಪರಿಚಯಿಸುತ್ತಿದ್ದರು. ನಾನು ತಲೆ ತಗ್ಗಿಸಿ ಕೂತು ಕೇಳುತ್ತಿದ್ದೆ.

ಪ್ರೇಮಾನಂದ ಅಯ್ಯನವರ ಪರಿಚಯವಾದದ್ದು ಆ ದಿನಗಳಲ್ಲೇ. ಕರುಣೆ ಎಂಬ ಮಾತು ಬೇರೆ ಬೇರೆ ಧರ್ಮಗಳ ಕನ್ನಡದಲ್ಲಿ ಹೇಗೆ ಬಂದಿದೆ ಎಂದು ಹುಡುಕುತ್ತಿದ್ದೆ. ಕ್ರೈಸ್ತರ ಸತ್ಯವೇದದ ಹಳೆಯ ಮುದ್ರಣವೊಂದು ಬೇಕಿತ್ತು. ಬೇಲೂರಿನಿಂದ ಅರೇಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಕ್ರೈಸ್ತ ಸಭೆ ಇದೆ, ಅಲ್ಲಿನ ಪಾದ್ರಿಯವರ ಹತ್ತಿರ ಸಿಗಬಹುದು ಎಂದು ಯಾರೋ ಹೇಳಿದರು. ಇಂಥ ಕಾಲೇಜಿನ ಮೇಷ್ಟ್ರು, ಇಂಥ ದಿನ ಬರುತ್ತೇನೆ ಎಂದು ಒಂದು ಕಾರ್ಡು ಹಾಕಿದೆ. ಹೋದೆ. ಹೆಂಚಿನ ಚರ್ಚು, ಪಕ್ಕದಲ್ಲೇ ಎರಡು ಕೋಣೆಯ ಮನೆ. ಕಾಫಿ ತೋಟಗಳಲ್ಲಿ ಕೂಲಿ ಮಾಡುವವರೂ ಒಬ್ಬಿಬ್ಬರು ನರ್ಸು, ಮೇಷ್ಟ್ರುಗಳೂ ಸೇರಿದ ಸಭೆ ಅದು. ಅಲ್ಲಿನವರು ಪಾದ್ರಿಯನ್ನು ಅಯ್ಯನವರೇ ಎಂದು ಕರೆಯುತ್ತಿದ್ದರು, ನನಗೂ ಅದೇ ರೂಢಿಯಾಯಿತು. ನಾನು ಹೋದಾಗ ಅವರು ಮನೆಯ ಹಿಂದೆ ಜೇನುಪೆಟ್ಟಿಗೆ ಬಿಚ್ಚಿ ನೋಡುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಅಲ್ಲೇ ನಿಲ್ಲಿ ಮೇಷ್ಟ್ರೇ, ಹತ್ರ ಬರಬೇಡಿ. ಇವು ಭಾನುವಾರಾನೂ ದುಡಿಯೋ ಪೈಕಿ. ನಮ್ಮ ಸಭೆಯೋರಿಗಿಂತ ಸಿಟ್ಟು ಜಾಸ್ತಿ."

ನನಗಿಂತ ಐದಾರು ವರ್ಷ ದೊಡ್ಡವರು. ಮಕ್ಕಳಿರಲಿಲ್ಲ. ಹೆಂಡತಿ ಗ್ರೇಸಮ್ಮ ಮಾತು ಕಡಿಮೆ, ನೋಟ ಜಾಸ್ತಿ. ಆ ದಿನ ಪುಸ್ತಕ ಕೊಟ್ಟು, ಊಟ ಹಾಕಿ, ಕೊನೆಯ ಬಸ್ಸಿಗೆ ಹತ್ತಿಸಿ ಕಳಿಸಿದರು.

ಆಮೇಲೆ ನಾವು ಎರಡನೇ ಶನಿವಾರಗಳಲ್ಲಿ ಹಳೇಬೀಡಿನಲ್ಲಿ ಸೇರತೊಡಗಿದೆವು. ಅವರು ಬೇಲೂರಿನ ಕಡೆಯಿಂದ ಬರುತ್ತಿದ್ದರು, ನಾನು ಅರಸೀಕೆರೆಯಿಂದ. ದೇವಸ್ಥಾನ ನೋಡಲು ಬಂದ ಬಸ್ಸುಗಳ ಗದ್ದಲ ದಾಟಿ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದೆವು. ಗ್ರೇಸಮ್ಮ ಕಟ್ಟಿಕೊಟ್ಟ ಹುಳಿಯನ್ನ ಇರುತ್ತಿತ್ತು. ನಾನು ಪಾಲಿ ಗಾಥೆ ಓದಿ ಅರ್ಥ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, "ಇದನ್ನ ಇನ್ನೊಂದ್ಸಲ ಓದಿ" ಎನ್ನುತ್ತಿದ್ದರು. ಅವರು ಸತ್ಯವೇದದ ಕೀರ್ತನೆಗಳನ್ನು ಹೇಳುತ್ತಿದ್ದರು, ರಾಗವಿಲ್ಲದೆ, ಯಾರಿಗೋ ದೂರು ಕೊಡುವವರ ಹಾಗೆ. ನಮ್ಮಲ್ಲಿ ಯಾರೂ ಯಾರನ್ನೂ ತಮ್ಮ ಕಡೆಗೆ ಎಳೆಯಲಿಲ್ಲ. ಅಷ್ಟು ಹಗುರವಾಗಿ ನಾನು ಬೇರೆ ಯಾರ ಜೊತೆಗೂ ಕೂತಿಲ್ಲ. ವೇದಿಕೆ, ಹಾರ, ಚಪ್ಪಾಳೆ ಎಲ್ಲ ಆಗಿಹೋದ ಮೇಲೆ ಈಗ ಏನು ಬೇಕು ಎಂದು ಯಾರಾದರೂ ಕೇಳಿದರೆ — ಆ ಏರಿಯ ಮೇಲಿನ ಒಂದು ಮಧ್ಯಾಹ್ನ, ಸಾಕು.

ಮೂರು ವರ್ಷ ಹೀಗೆ ನಡೆಯಿತು. ನಡುನಡುವೆ ಕಾಗದ ಬರೆಯುತ್ತಿದ್ದೆವು. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಂದ ಉದ್ದನೆಯ ಕಾಗದ ಬಂತು. ಅದರ ತಿರುಳು ಇಷ್ಟು: ಅವರಿಗೆ ದೇವರು ಇಲ್ಲವಾಗಿದ್ದ. ಯಾವ ಸಾವೂ ಕಾರಣವಲ್ಲ, ಯಾವ ಪುಸ್ತಕವೂ ಕಾರಣವಲ್ಲ. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮೊಣಕಾಲೂರಿದಾಗ ಎದುರಿಗೆ ಯಾರೂ ಇಲ್ಲ ಎನ್ನಿಸಿತಂತೆ. ನಾಳೆ ಸರಿಹೋಗುತ್ತದೆ ಎಂದುಕೊಂಡರಂತೆ. ಹಾಗೆಯೇ ಎರಡು ವರ್ಷ ಕಳೆದಿತ್ತು. "ನಾನು ಬಿಟ್ಟುಬಿಡಬಹುದು," ಎಂದು ಬರೆದಿದ್ದರು. "ಆದರೆ ಭಾನುವಾರ ಆ ಹೆಂಗಸರು ತೋಟದಿಂದ ನಡೆದು ಬಂದು ಹಾಡುವಾಗ ಅವರ ಮುಖ ನೋಡುತ್ತೇನೆ. ನನ್ನ ಒಲೆ ಆರಿದೆ ಮೇಷ್ಟ್ರೇ. ಬೇರೆಯವರ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತಿದ್ದೇನೆ. ಇದು ಗ್ರೇಸಳಿಗೂ ಗೊತ್ತಿಲ್ಲ."

ನಾನು ಅತ್ತೆ. ಅಂದೇ ಕೂತು ಉತ್ತರ ಬರೆದೆ. ಅದರಲ್ಲಿ ನಾನೂ ಯಾರಿಗೂ ಹೇಳದ್ದನ್ನು ಹೇಳಿಕೊಂಡೆ. ಈಗ ನಿಮಗೂ ಹೇಳಬೇಕು. ದೀಕ್ಷೆಯಾದ ನಾಲ್ಕನೇ ವರ್ಷ ನನ್ನ ಹೆಂಡತಿಗೆ ಆಪರೇಷನ್ ಆಯಿತು. ಆಸ್ಪತ್ರೆಯ ಹೊರಗೆ ಒಂದು ಮಾರಮ್ಮನ ಗುಡಿ. ಅಜ್ಜಿ ಕರೆಯುತ್ತಿದ್ದ ಹೆಸರು ಬಾಯಿಗೆ ಬಂತು — ಅವ್ವಾ, ಕಾಯೇ. ಕೈ ಮುಗಿದೆ. ಆಮೇಲೆ ಸುತ್ತ ನೋಡಿದೆ, ಯಾರಾದರೂ ಗುರುತಿನವರು ಇದ್ದಾರೆಯೇ ಎಂದು. ಅದೇ ವಾರ ಬೇಲೂರಿನ ಒಂದು ವೇದಿಕೆಯ ಮೇಲೆ, ಹರಕೆ ಹೊರುವುದು ಗುಲಾಮತನ ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಅಯ್ಯನವರಿಗೆ ಬರೆದೆ: "ಬುದ್ಧ ನನಗೆ ದಾರಿ ಕೊಟ್ಟ, ಮಾನ ಕೊಟ್ಟ. ಅಳು ಬಂದಾಗ ಕರೆಯಲು ಒಂದು ಹೆಸರು ಮಾತ್ರ ಕೊಡಲಿಲ್ಲ. ನೀವು ಕರೆಯುತ್ತೀರಿ, ಓಗೊಡುವವರಿಲ್ಲ. ನನಗೆ ಕರೆಯಲು ಯಾರೂ ಇಲ್ಲ. ಮುಂದಿನ ಶನಿವಾರ ಬರುತ್ತೀರಲ್ಲ?"

ಬಂದರು. ಆ ದಿನ ಗಾಥೆ, ಕೀರ್ತನೆ ಯಾವುದನ್ನೂ ತೆಗೆಯದೆ ಹುಳಿಯನ್ನ ಹಂಚಿಕೊಂಡು ತಿಂದೆವು.

ತಪ್ಪು ನಡೆದದ್ದು ಅದಾಗಿ ಐದು ತಿಂಗಳಿಗೆ. ಅಂಕಣಕ್ಕೆ ಏನೂ ಹೊಳೆದಿರಲಿಲ್ಲ. ಪತ್ರಿಕೆಯಿಂದ ಕಾಲೇಜಿನ ಆಫೀಸಿಗೆ ಎರಡು ಸಲ ಫೋನ್ ಬಂದಿತ್ತು. ಮೇಜಿನ ಡ್ರಾಯರಿನಲ್ಲಿ ಅವರ ಕಾಗದವಿತ್ತು. ಸುಮ್ಮನೆ ಓದೋಣ ಎಂದು ತೆಗೆದೆ — ಇಲ್ಲ, ಇದೂ ಸುಳ್ಳು. ಯಾಕೆ ತೆಗೆಯುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಒಂದೇ ಪಟ್ಟಿಗೆ ಕೂತು ಬರೆದು ಮುಗಿಸಿದೆ. ಹೆಸರು ಬದಲಾಯಿಸಿದೆ, ಊರು ಬದಲಾಯಿಸಿದೆ. ಪಾದ್ರಿಯವರು ಜೇನು ಸಾಕುತ್ತಾರೆ ಎಂಬ ಒಂದು ಸಾಲು ಬಂದಿತ್ತು. ಗುರುತು ಸಿಕ್ಕಿಬಿಡುತ್ತದೆ ಎಂದು ಹೊಡೆದುಹಾಕಿದೆ. ಮತ್ತೆ ಓದಿದೆ. ಆ ಸಾಲಿಲ್ಲದೆ ಮನುಷ್ಯ ಸಪ್ಪೆಯಾಗಿದ್ದ. ಮತ್ತೆ ಬರೆದೆ. ಆ ಒಂದು ಸಾಲನ್ನು ಹೊಡೆದು ಮತ್ತೆ ಬರೆದ ಕೈ ಇದೇ. ತಿಳಿಯದೆ ಆಯಿತು ಎಂದು ಹೇಳಿಕೊಳ್ಳಲು ಅಲ್ಲಿ ಜಾಗವಿಲ್ಲ.

ನಾನು ಬರೆದದ್ದರಲ್ಲೆಲ್ಲ ಹೆಚ್ಚು ಹೆಸರು ತಂದದ್ದು ಆ ಲೇಖನವೇ. ನೂರಾರು ಕಾಗದ ಬಂದವು. "ಬೇರೆಯವರ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತಿದ್ದೇನೆ" ಎಂಬ ಮಾತನ್ನು ಜನ ನನ್ನದೆಂದು ಭಾಷಣಗಳಲ್ಲಿ ಉದ್ಧರಿಸಿದರು. ಆಮೇಲೆ ಬಂದ ನನ್ನ ಪುಸ್ತಕಕ್ಕೂ ಅದೇ ಹೆಸರು.

ಲೇಖನ ಬಂದ ಮೂರನೇ ವಾರ ಅಯ್ಯನವರು ಅರಸೀಕೆರೆಗೆ ಬಂದರು. ಎಂದೂ ಕಾಲೇಜಿಗೆ ಬಂದವರಲ್ಲ. ಗೇಟಿನ ಹತ್ತಿರ ನಿಂತಿದ್ದರು. ಒಳಗೆ ಕರೆದೆ, ಬರಲಿಲ್ಲ. ರಸ್ತೆಯಾಚೆಯ ಹೋಟೆಲಿನಲ್ಲಿ ಕೂತೆವು. ಕಾಫಿ ತಣ್ಣಗಾಗುವ ತನಕ ಬಿಟ್ಟು, ನೆಲ ನೋಡುತ್ತ ಕೇಳಿದರು:

"ಮೇಷ್ಟ್ರೇ, ಅದು ನಾನಾ?"

ಆ ಗಳಿಗೆಯಲ್ಲಾದರೂ — ಹೌದು ಎಂದಿದ್ದರೆ ಅವರು ಏನೂ ಮಾಡುತ್ತಿರಲಿಲ್ಲ. ಬಹುಶಃ ನಕ್ಕುಬಿಡುತ್ತಿದ್ದರು.

"ಛೆ ಛೆ, ಎಲ್ಲಾದ್ರೂ ಉಂಟಾ ಅಯ್ಯನವರೇ," ಎಂದೆ. "ಅದು ಬರೀ ಕಲ್ಪನೆ. ಅಲ್ಲೊಂದು ಇಲ್ಲೊಂದು ಮಾತು ಸೇರಿರಬಹುದು, ಅಷ್ಟೇ."

ಅವರು ನನ್ನ ಮುಖ ನೋಡಿದರು.

"ಆಯ್ತು. ನೀವು ಹೇಳಿದ ಮೇಲೆ ಮುಗೀತು," ಎಂದು ಎದ್ದರು. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಎಂದೆ. "ಬೇಡ ಬಿಡಿ, ನಿಮಗೆ ಕ್ಲಾಸ್ ಇರುತ್ತೆ," ಎಂದರು. ಅದೇ ಕೊನೆ.

ಮುಂದಿನ ಎರಡನೇ ಶನಿವಾರ ನಾನು ಹಳೇಬೀಡಿಗೆ ಹೋದೆ. ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಆಮೇಲೆ ಬೇಲೂರಿನ ಪರಿಚಯದವರೊಬ್ಬರಿಂದ ಸುದ್ದಿ ತಿಳಿಯಿತು. ಅಯ್ಯನವರು ಕೆಲಸ ಬಿಟ್ಟರು, ಮನೆ ಖಾಲಿ ಮಾಡಿದರು, ಜೇನುಪೆಟ್ಟಿಗೆಗಳನ್ನು ಒಬ್ಬ ಕೂಲಿಯವನಿಗೆ ಕೊಟ್ಟು ಗ್ರೇಸಮ್ಮನ ತವರಿಗೆ, ಮುಳಬಾಗಿಲಿನ ಕಡೆಗೆ ಹೊರಟುಹೋದರು. ನಾನು ಹುಡುಕಿಕೊಂಡು ಹೋಗಲಿಲ್ಲ. ಒಂದು ರೀತಿಯಲ್ಲಿ ಅವರಿಗೆ ಬಿಡುಗಡೆಯೇ ಆಯಿತಲ್ಲ ಎಂದುಕೊಂಡೆ. ಎಷ್ಟು ಸಲ ಹಾಗೆ ಅಂದುಕೊಂಡೆ ಎಂದರೆ, ಕೆಲವು ವರ್ಷ ಅದನ್ನು ನಂಬಿಯೂ ಬಿಟ್ಟಿದ್ದೆ.

ಹೋದ ವರ್ಷ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಗ್ರೇಸಮ್ಮ ಸಿಕ್ಕರು. ಅರೇಹಳ್ಳಿಯಲ್ಲಿ ಯಾರದೋ ಮದುವೆಗೆ ಬಂದು ವಾಪಸ್ ಹೊರಟಿದ್ದರಂತೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊದಲು ಗುರುತು ಹಿಡಿದದ್ದು ಅವರೇ. ನಾನು ತಡವರಿಸುತ್ತ, ಅಯ್ಯನವರು ಹೇಗಿದ್ದಾರೆ ಎಂದು ಕೇಳಿದೆ.

"ಇದಾರೆ. ಒಂದು ಸ್ಕೂಲಲ್ಲಿ ಪಾಠ ಮಾಡ್ತಿದ್ರು. ಈಗ ಮನೇಲೇ ಇರ್ತಾರೆ."

ಆಮೇಲೆ, ನಾನು ಕೇಳದೆಯೇ, ಅಂದು ನಡೆದದ್ದನ್ನು ಹೇಳಿದರು. ಸಭೆಯ ಹಿರಿಯರು ಪತ್ರಿಕೆ ಹಿಡಿದುಕೊಂಡು ಮನೆಗೆ ಬಂದರಂತೆ. ಸುತ್ತಮುತ್ತ ಜೇನು ಸಾಕುವ ಪಾದ್ರಿ ಇನ್ನಾರಿದ್ದಾರೆ? ಇದು ನೀವೇನಾ ಎಂದು ಕೇಳಿದರಂತೆ. ಕಲ್ಪನೆ ಎಂದು ನಾನು ಕೊಟ್ಟ ಮಾತು ಅಯ್ಯನವರ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡು ಅವರು ಉಳಿದುಕೊಳ್ಳಬಹುದಿತ್ತು.

"ಏನಂದ್ರು ಗೊತ್ತಾ?" ಎಂದರು ಗ್ರೇಸಮ್ಮ. "ಬರೆದೋರು ಕಲ್ಪನೆ ಅಂತಾರೆ, ಅವರ ಮಾತು ಅವರಿಗೆ ಬಿಟ್ಟದ್ದು. ಆದ್ರೆ ಅದರಲ್ಲಿರೋದು ನನ್ನ ಮಟ್ಟಿಗೆ ನಿಜ ಅಂದ್ರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನನಗೂ ಅವತ್ತೇ ಗೊತ್ತಾಗಿದ್ದು. ಕಟ್ಕೊಂಡ ಗಂಡನ ಮನಸ್ಸನ್ನ ನಾನು ಪೇಪರ್ ಹಿಡ್ಕೊಂಡು ಬಂದೋರ ಬಾಯಲ್ಲಿ ಕೇಳ್ದೆ."

ಅವರು ಇನ್ನೂ ಮುಗಿಸಿರಲಿಲ್ಲ. ಗಂಡ ಹೆಂಡತಿ ಮುಳಬಾಗಿಲಿನ ಕಡೆ ಹೋದ ಮರುವರ್ಷ ಒಬ್ಬ ಮನುಷ್ಯ ಅಲ್ಲಿಗೂ ಹುಡುಕಿಕೊಂಡು ಹೋಗಿದ್ದನಂತೆ. ನನ್ನ ಬರಹ ಕಂಡರೆ ಆಗದವನು, ನನ್ನ ಹುಳುಕು ಹುಡುಕುತ್ತಿದ್ದವನು. ನಿಮ್ಮ ಬಾಳು ಹಾಳುಮಾಡಿದವನ ಕಾಗದ ಏನಾದರೂ ಇದ್ದರೆ ಕೊಡಿ, ಅಚ್ಚು ಹಾಕಿಸೋಣ ಎಂದನಂತೆ.

"ಇಲ್ಲ ಅಂದಿದ್ರೆ ಅವನು ಅವತ್ತೇ ಹೋಗ್ತಿದ್ದ. ಇವರಿಗೆ ಆ ಸುಳ್ಳೂ ಬರಲ್ಲ. ಇದೆ, ಕೊಡಲ್ಲ ಅಂದ್ರು. ಮೂರು ಸಲ ಬಂದ. ಮೂರು ಸಲಾನೂ ಅದೇ ಮಾತು."

ಮಾರಮ್ಮನ ಗುಡಿಯ ಮುಂದೆ ನಾನು ಕೈ ಮುಗಿದದ್ದು ನಾನು ಬರೆದ ಆ ಕಾಗದದಲ್ಲಿತ್ತು. ನನ್ನ ಹೆಸರು, ವೇದಿಕೆ, ಅಷ್ಟು ವರ್ಷದ ಮಾತು ಎಲ್ಲವೂ ಅವರ ಮುಷ್ಟಿಯಲ್ಲಿತ್ತು. ಅವರು ಮುಷ್ಟಿ ಬಿಚ್ಚಲೇ ಇಲ್ಲ.

"ನಾನು ಬರ್ತೀನಿ ಗ್ರೇಸಮ್ಮ," ಎಂದೆ. "ಅವರ ಕಾಲು ಹಿಡಿದು ಕೇಳ್ಕೊಳ್ತೀನಿ. ಅಡ್ರೆಸ್ ಕೊಡಿ."

ಅವರು ಸೆರಗು ಸರಿಮಾಡಿಕೊಂಡರು. ದನಿ ಏರಲಿಲ್ಲ.

"ನೀವು ಬಂದ್ರೆ ಅವರು ತುಂಬಾ ಖುಷಿ ಪಡ್ತಾರೆ ಮೇಷ್ಟ್ರೇ. ಈಗ್ಲೂ ನಿಮ್ಮ ಮಾತು ತೆಗೀತಾನೇ ಇರ್ತಾರೆ. ಎದ್ದು ಬಂದು ತಬ್ಕೋತಾರೆ, ನಂಗೊತ್ತು. ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ಅದಕ್ಕೇ ಕೇಳ್ಕೊತೀನಿ — ಬರಬೇಡಿ."

ಹಾಸನದ ಬಸ್ಸು ಬಂತು. ಅವರು ಹತ್ತಿದರು. ತಿರುಗಿ ನೋಡಲಿಲ್ಲ.

ನಾನು ಮಾಡಬಹುದಾದದ್ದು ಕಡಿಮೆ. ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಡಿ ಎಂದು ಪ್ರಕಾಶಕರಿಗೆ ಬರೆದಿದ್ದೇನೆ. ಈ ಅಂಕಣವನ್ನು ಇಂದಿಗೆ ನಿಲ್ಲಿಸುತ್ತಿದ್ದೇನೆ. ನಾನು ಬೌದ್ಧನಾಗಿಯೇ ಇದ್ದೇನೆ, ಇರುತ್ತೇನೆ. ಆದರೆ ಎಲ್ಲವನ್ನೂ ಬಿಟ್ಟು ಬಂದವನು ಎಂದು ಯಾರೂ ಇನ್ನು ನನ್ನನ್ನು ಪರಿಚಯಿಸಬೇಡಿ. ಇದನ್ನೆಲ್ಲ ಪ್ರಾಯಶ್ಚಿತ್ತ ಎಂದು ಕರೆಯುವ ಧೈರ್ಯ ನನಗಿಲ್ಲ. ನಾನು ಕೆಡಿಸಿದ್ದು ಇಬ್ಬರ ಮನೆ. ಒಬ್ಬರು ಎಂದೋ ಕ್ಷಮಿಸಿದ್ದಾರೆ, ಇನ್ನೊಬ್ಬರು ಕ್ಷಮಿಸಿಲ್ಲ. ಕ್ಷಮಿಸದವರ ಮಾತನ್ನೇ ನಾನು ಕೇಳಬೇಕು.

ಅರಸೀಕೆರೆಯಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿನಲ್ಲಿ ಇಳಿದರೆ, ಅಲ್ಲಿಂದ ಮುಳಬಾಗಿಲಿಗೆ ಬೇಕಾದಷ್ಟು ಬಸ್ಸುಗಳಿವೆ. ಸಂಜೆ ಬಿಸಿಲಿರುವಾಗಲೇ ತಲುಪಬಹುದಂತೆ. ಎಲ್ಲ ವಿಚಾರಿಸಿಕೊಂಡಿದ್ದೇನೆ. ಹೋಗುವುದಿಲ್ಲ.