ಭೂತಬಂಗಲೆಯ ಹೊಲಿಗೆ ಕೋಣೆ

ನನ್ನ ಚಿಕ್ಕಮ್ಮ ಬಹಳ ವರ್ಷ ದೆವ್ವವಾಗಿ ಕೆಲಸ ಮಾಡಿದಳು. ಹೀಗೆಂದರೆ ಹೊಸಬರು ನನ್ನ ಮುಖವನ್ನೇ ಮಿಕಮಿಕ ನೋಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದು ತೀರಾ ಮಾಮೂಲು ಸಂಗತಿಯಾಗಿತ್ತು. "ಚಿಕ್ಕಮ್ಮ ಎಲ್ಲಿ?" ಎಂದು ಕೇಳಿದರೆ, ಗಡಿಯಾರ ರಿಪೇರಿ ಮಾಡುವ ಚಿಕ್ಕಪ್ಪ ಕಣ್ಣಿಗೆ ಸಿಕ್ಕಿಸಿಕೊಂಡ ಗಾಜನ್ನು ತೆಗೆಯದೆಯೇ, "ದೆವ್ವದ ಡ್ಯೂಟಿಗೆ ಹೋಗಿದಾಳೆ, ಸಂಜೆ ಬರ್ತಾಳೆ" ಎನ್ನುತ್ತಿದ್ದರು.

ಮೂಲತಃ ಅವಳು ಟೈಲರ್. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಬಾಗಿಲಿನ ಅಂಗಡಿ. ಶಾಲೆಯ ಸಮವಸ್ತ್ರ, ದಿಂಬಿನ ಕವರು, ಉದ್ದವಾದ ಪ್ಯಾಂಟಿನ ಅಂಚು ಮಡಚುವುದು, ಇಂಥವೇ ಕೆಲಸ. ಓಣಿ ದಾಟಿದರೆ ಮುಚ್ಚಿಹೋದ ಐಸ್ ಫ್ಯಾಕ್ಟರಿ. ಮೊಳದಪ್ಪ ಗೋಡೆ, ಕಿಟಕಿಯೇ ಇಲ್ಲದ ಕೋಣೆಗಳು, ಬೇಸಿಗೆಯಲ್ಲೂ ಒದ್ದೆಯಾಗಿರುವ ನೆಲ. ಅದನ್ನು ಬಾಡಿಗೆಗೆ ಹಿಡಿದ ದಪ್ಪ ಮೀಸೆಯವರೊಬ್ಬರು ಒಳಗೆ ಭೂತಬಂಗಲೆ ಕಟ್ಟಿದರು. ಟಿಕೆಟ್ ತೆಗೆದುಕೊಂಡು ಮುಂಬಾಗಿಲಲ್ಲಿ ಒಳಗೆ ಹೋಗಬೇಕು, ಕತ್ತಲ ಕೋಣೆಗಳನ್ನು ಒಂದೊಂದಾಗಿ ದಾಟಿ ಹಿಂಬಾಗಿಲಲ್ಲಿ ಬಿಸಿಲಿಗೆ ಬಂದು ಬೀಳಬೇಕು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಒಳಗೆ ತೂಗುಹಾಕಲು ರಾಶಿಗಟ್ಟಲೆ ಕಪ್ಪು ಪರದೆ ಬೇಕಾಗಿತ್ತು. ಚಿಕ್ಕಮ್ಮ ತನ್ನ ಹಳೆಯ ಮೆಷಿನ್ನನ್ನು ಅಲ್ಲಿಗೇ ಹೊರಿಸಿಕೊಂಡು ಹೋಗಿ ಹೊಲಿಯತೊಡಗಿದಳು.

ಶುರುವಾಗುವ ದಿನವೂ ಒಂದು ಪರದೆ ಬಾಕಿ ಇತ್ತು. ನಡುವಿನ ಕೋಣೆಯಲ್ಲಿ ತಲೆಯ ಮೇಲೊಂದು ಮಂಕು ಬಲ್ಬು ಹಾಕಿಕೊಂಡು, ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಅವಳು ಅಂಚು ಹೊಲಿಯುತ್ತಿದ್ದಳು. ಹೊರಗೆ ಜನ ಗಲಾಟೆ ಮಾಡಿದ್ದಕ್ಕೆ ಬಾಗಿಲು ಬೇಗ ತೆರೆದುಬಿಟ್ಟಿದ್ದರು. ಪಾಪ, ಇವಳಿಗೆ ಅದು ಗೊತ್ತಿಲ್ಲ. ಕಾಲೇಜು ಹುಡುಗರ ಗುಂಪೊಂದು ಕಾಗದದ ತಲೆಬುರುಡೆಗಳನ್ನು ನೋಡಿ ಕೇಕೆ ಹಾಕಿ ನಗುತ್ತಾ ಆ ಕೋಣೆಗೆ ನುಗ್ಗಿತು. ಆ ಪರದೆ ಹಾಕುವ ಬಾಗಿಲಿನ ಅಳತೆ ತರುತ್ತೇವೆ ಎಂದು ಹೋಗಿದ್ದ ಕೆಲಸಗಾರರೇ ಬಂದರು ಅಂದುಕೊಂಡ ಚಿಕ್ಕಮ್ಮ ಮೆಷಿನ್ ನಿಲ್ಲಿಸಿದಳು. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ನಿಧಾನವಾಗಿ ತಲೆ ಎತ್ತಿ, ಪಿನ್ನುಗಳ ಸಂದಿನಿಂದಲೇ ಕೇಳಿದಳು: "ಅಳತೆ ಕೊಡ್ತೀರಾ?"

ಹುಡುಗರು ಬಂದ ದಾರಿಗೆ ಸುಂಕವಿಲ್ಲವೆಂದು ಓಡಿದರು. ಒಬ್ಬನ ಚಪ್ಪಲಿ ಅಲ್ಲೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಯಜಮಾನರು ಬಂದರು. ಚಪ್ಪಲಿಯನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು.

"ಟೈಲರಮ್ಮ, ನಾಳೆನೂ ಬರ್ತೀರಾ?"

"ಇದೊಂದು ಹೊಲಿದ್ರೆ ಪರದೆ ಎಲ್ಲಾ ಮುಗೀತಲ್ಲ."

"ಪರದೆಗಲ್ಲ" ಎಂದರು ಯಜಮಾನರು.

ಹೀಗೆ ಚಿಕ್ಕಮ್ಮನಿಗೆ ಎರಡನೆಯ ಉದ್ಯೋಗ ಸಿಕ್ಕಿತು. ಅವಳು ಮುಖಕ್ಕೆ ಬಣ್ಣ ಬಳಿಯಲಿಲ್ಲ, ಕೂದಲು ಕೆದರಿಕೊಳ್ಳಲಿಲ್ಲ, ಒಮ್ಮೆಯೂ ಕಿರುಚಲಿಲ್ಲ. ಎಷ್ಟು ಹೊಲಿದರೂ ಮುಗಿಯದ ಒಂದು ಉದ್ದನೆಯ ಬಿಳಿ ಬಟ್ಟೆಯನ್ನು ಮೆಷಿನ್ ಮೇಲೆ ಹಾಕಿಕೊಂಡು ಕೂತಿರುತ್ತಿದ್ದಳು. ಜನರಿಗೆ ಮೊದಲು ದೂರದಿಂದ ಮೆಷಿನ್ನಿನ ಕಟಕಟ ಸದ್ದು ಕೇಳಿಸುತ್ತಿತ್ತು. ಅವರು ಹೊಸ್ತಿಲು ದಾಟಿದ ಕೂಡಲೇ ಸದ್ದು ನಿಲ್ಲುತ್ತಿತ್ತು. ಆಮೇಲೆ ಆ ಪ್ರಶ್ನೆ, ಅಂಗಡಿಗೆ ಬಂದ ಗಿರಾಕಿಯನ್ನು ಕೇಳುವ ಅದೇ ದನಿಯಲ್ಲಿ. ಅಷ್ಟಕ್ಕೇ ದೊಡ್ಡ ದೊಡ್ಡ ಗಂಡಸರು ಬಾಗಿಲು ಹುಡುಕಿಕೊಂಡು ಓಡುತ್ತಿದ್ದರು.

"ಮೈಮೇಲೆ ಬಿದ್ದು ಹೆದರಿಸಿದ್ರೆ ಜನ ಬೆಚ್ಚಿಬೀಳ್ತಾರೆ, ಅಷ್ಟೆ" ಎನ್ನುತ್ತಿದ್ದಳು ಚಿಕ್ಕಮ್ಮ. "ಅವರ ಪಾಡಿಗೆ ಅವರನ್ನ ಬಿಟ್ಟು ಸುಮ್ನೆ ನೋಡ್ತಾ ಕೂತ್ರೆ, ಮಿಕ್ಕಿದ್ದನ್ನ ಅವರೇ ಮಾಡ್ಕೋತಾರೆ."

ಚಿಕ್ಕ ಮಕ್ಕಳು ಅತ್ತರೆ ಮಾತ್ರ ಅವಳಿಗೆ ತಡೆಯುತ್ತಿರಲಿಲ್ಲ. ಕೂಡಲೇ ದೆವ್ವದ ಕೆಲಸ ಬದಿಗಿಟ್ಟು, "ಬಾ ಪುಟ್ಟ, ಈ ಡಬ್ಬೀಲಿ ಎಷ್ಟು ಬಣ್ಣದ ಗುಂಡಿ ಇದೆ ನೋಡು" ಎಂದು ಕರೆದು, ಇಷ್ಟವಾದ ಗುಂಡಿಯೊಂದನ್ನು ಕೈಗಿಟ್ಟು, ಪಕ್ಕದ ಬಾಗಿಲಿನಿಂದ ಹೊರಗೆ ಕಳಿಸುತ್ತಿದ್ದಳು.

ಮನೆಯಲ್ಲಿ ಇದಕ್ಕೆ ಒಪ್ಪದಿದ್ದವರೆಂದರೆ ಚಿಕ್ಕಮ್ಮನ ಅತ್ತೆ. ನಾವೆಲ್ಲ ಅವರನ್ನು ಅಜ್ಜಿ ಎನ್ನುತ್ತಿದ್ದೆವು. "ಮಾನವಂತರ ಮನೆ ಸೊಸೆ ಕಂಡಕಂಡವರ ಮುಂದೆ ದೆವ್ವ ಆಗೋದಾ? ನಾಳೆ ನಾನು ನಾಲ್ಕು ಜನರ ಮುಂದೆ ಹೇಗೆ ತಲೆ ಎತ್ಲಿ?" ಎಂದು ಮಗನ ಹತ್ತಿರ ದಿನವೂ ರಾಗ ಎಳೆಯುತ್ತಿದ್ದರು. ಮಗ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಸೊಸೆಯನ್ನು ಕೈಹಿಡಿದು ಎಳೆದುಕೊಂಡೇ ಬರುತ್ತೇನೆಂದು ಅಜ್ಜಿ ಯಾರಿಗೂ ಹೇಳದೆ ಹೊರಟರು. ಕೊಡೆಯನ್ನು ಕೋಲಿನ ಹಾಗೆ ಹಿಡಿದುಕೊಂಡು ಟಿಕೆಟ್ ಕೊಳ್ಳುವವರ ಸಾಲಿನಲ್ಲಿ ನಿಂತರು.

ಮೊದಲ ಕೋಣೆಗಳನ್ನು ಅವರು ಗೊಣಗುತ್ತಲೇ ದಾಟಿದರಂತೆ. ನಡುವಿನ ಕೋಣೆಗೆ ಬರುವಷ್ಟರಲ್ಲಿ ಕನ್ನಡಕ ಮಂಜಾಗಿತ್ತು. ಯಾರೋ ಹೊಲಿಯುತ್ತಿರುವುದಷ್ಟೇ ಕಾಣುತ್ತಿತ್ತು. ಮೆಷಿನ್ ನಿಂತಿತು. ತಲೆ ಮೇಲೆದ್ದಿತು.

"ಅಳತೆ ಕೊಡ್ತೀರಾ?"

ಅಜ್ಜಿ ಕೊಡೆ ಎಸೆದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಹೊರಗಿನ ಸಾಲಿಗೂ ಕೇಳುವ ಹಾಗೆ ಕೂಗಿದರು: "ಅಯ್ಯೋ, ಬಾರೇ! ಎಲ್ಲಿದ್ದೀಯೇ ಸೊಸೆ, ಬೇಗ ಬಾರೇ, ನನ್ನನ್ನ ಉಳಿಸೇ!"

ಚಿಕ್ಕಮ್ಮ ಬಾಯಲ್ಲಿದ್ದ ಪಿನ್ನುಗಳನ್ನು ಉಗುಳಿ ಓಡಿಬಂದು ಅಪ್ಪಿ ಹಿಡಿದಳು. "ಅತ್ತೆ, ನಾನೇ! ಬಂದೆ, ಬಂದೆ, ಹೆದರ್ಬೇಡಿ."

ಅಜ್ಜಿ ಅವಳ ಭುಜಕ್ಕೆ ತಲೆ ಆನಿಸಿ ಸುಧಾರಿಸಿಕೊಂಡರು. ದೆವ್ವ ಯಾವುದು, ಕಾಪಾಡಲು ಬಂದವಳು ಯಾರು ಎನ್ನುವುದು ಮೆಲ್ಲಗೆ ತಲೆಗೆ ಹೋಯಿತು. ಸೊಸೆಯ ಬೆನ್ನಿಗೊಂದು ಗುದ್ದಿದರು. "ಹಾಳಾದವಳೇ! ಪ್ರಾಣವೇ ಹೋಗಿತ್ತಲ್ಲೇ!" ಎಂದರು. ಗುದ್ದಿದ ಕೈ ಮಾತ್ರ ಅವಳ ಬೆನ್ನ ಮೇಲೆ ಹಾಗೇ ಉಳಿಯಿತು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅವರದು ಒಂದೇ ಮಾತು: "ನಮ್ಮ ಸೊಸೆ ಇದಾಳಲ್ಲ, ಅವಳನ್ನ ನೋಡಿದ್ರೆ ನೀವು ಎದೆ ಒಡ್ಕೊಂಡು ಸಾಯ್ತೀರಿ!" ಹೊಗಳಿಕೆ ಇದಕ್ಕಿಂತ ಮೇಲೆ ಹೋಗುವುದು ಕಷ್ಟ.

ಕಾಲ ಹೀಗೇ ಸಾಗಿತು. ಅಜ್ಜಿ ತೀರಿಕೊಂಡರು. ಚಿಕ್ಕಮ್ಮನ ಮಂಡಿ ನೋಯತೊಡಗಿತು. ಅದೇ ಸುಮಾರಿಗೆ ಐಸ್ ಫ್ಯಾಕ್ಟರಿಯ ಗೋಡೆ ಬಿರುಕು ಬಿಟ್ಟು, ಕಟ್ಟಡ ಅಪಾಯದ್ದು ಎಂದು ಕೆಡವಿಹಾಕಿದರು. ಯಜಮಾನರು ಭೂತಬಂಗಲೆಯ ಸಾಮಾನನ್ನೆಲ್ಲ ಒಂದು ಶೆಡ್ಡಿನಲ್ಲಿ ತುಂಬಿಸಿಟ್ಟರು. ಚಿಕ್ಕಮ್ಮ ತನ್ನ ಹಳೆಯ ಮೆಷಿನ್ನನ್ನೂ ಅವರಿಗೇ ಬಿಟ್ಟುಕೊಟ್ಟು, ಅಂಗಡಿಗೆ ಕರೆಂಟಿನ ಮೆಷಿನ್ ತಂದುಕೊಂಡಳು. ಕೆಡವುವುದನ್ನು ನೋಡಲು ಓಣಿಯವರೆಲ್ಲ ಹೋದರು. ಅವಳು ಹೋಗಲಿಲ್ಲ.

ಕಳೆದ ವರ್ಷ ಯಜಮಾನರ ಮಗಳು ಫೋನ್ ಮಾಡಿದಳು. ಭೂತಬಂಗಲೆ ಮತ್ತೆ ಶುರುವಾಗಿದೆ, ಈ ಸಲ ಮಾಲ್‌ನಲ್ಲಿ, ದಯವಿಟ್ಟು ಬಂದು ನೋಡಬೇಕು ಎಂದು. ಚಿಕ್ಕಮ್ಮ ಫೋನಿಟ್ಟು ಮೂಗು ಮುರಿದಳು.

"ಮಾಲ್‌ನಲ್ಲಿ ದೆವ್ವಾನಾ? ಪಕ್ಕದಲ್ಲಿ ಐಸ್‌ಕ್ರೀಮು, ಎದುರಿಗೆ ಚಪ್ಪಲಿ ಅಂಗಡಿ. ಯಾರು ಕಣೇ ಹೆದರ್ತಾರೆ?"

"ನೋಡಿದ್ರೆ ತಾನೇ ಗೊತ್ತಾಗೋದು, ಬಾ" ಎಂದು ನಾನೇ ಹೊರಡಿಸಿದೆ.

ಲಿಫ್ಟಿನಿಂದ ಹೊರಬಂದಾಗಲೇ ಅವಳ ಮುಖ ಗಂಟಿಕ್ಕಿತ್ತು. ಥಳಥಳ ಹೊಳೆಯುವ ನೆಲ, ಪಾಪ್‌ಕಾರ್ನಿನ ವಾಸನೆ. ಬಾಗಿಲಲ್ಲಿ ನಿಂತ ಯಜಮಾನರ ಮಗಳು ಮೊದಲು ಚಿಕ್ಕಮ್ಮನ ಮಂಡಿಯನ್ನು ವಿಚಾರಿಸಿ, ಒಳಗೆ ಎಲ್ಲೂ ಮೆಟ್ಟಿಲಿಲ್ಲ, ಸಾಕೆನಿಸಿದರೆ ಹಸಿರು ದೀಪದ ಬಾಗಿಲಿಂದ ಹೊರಗೆ ಬರಬಹುದು ಎಂದಳು. "ಹಳೇದರಲ್ಲಿ ದೊಡ್ಡೋರಿಗೆ ಹೊರಗೆ ಬರೋಕೆ ಇದ್ದಿದ್ದು ಒಂದೇ ದಾರಿ, ಓಡೋದು" ಎಂದಳು ಚಿಕ್ಕಮ್ಮ.

ಒಳಗೆ ಹೋದೆವು. ನನ್ನ ತೋಳು ಹಿಡಿದುಕೊಂಡು ಅವಳು ಪರೀಕ್ಷೆ ಮಾಡಲು ಬಂದವಳ ಹಾಗೆ ಹೆಜ್ಜೆ ಹಾಕುತ್ತಿದ್ದಳು. ಗೋಡೆಯನ್ನು ಬೆರಳಿನಿಂದ ತಟ್ಟಿ, "ಹಲಗೆ. ನಮ್ಮ ಗೋಡೆ ತಟ್ಟಿದ್ರೆ ಸದ್ದೇ ಬರ್ತಿರ್ಲಿಲ್ಲ" ಎಂದಳು. ನೆಲ ಒಣಗಿದೆ, ಆ ಹಸಿ ವಾಸನೆ ಇಲ್ಲ ಎಂದಳು. ಅಷ್ಟರಲ್ಲಿ ಕತ್ತಿನ ಹಿಂಭಾಗಕ್ಕೆ ಯಾರೋ ಉಸಿರು ಬಿಟ್ಟ ಹಾಗೆ ತಣ್ಣನೆ ಗಾಳಿ ಬಡಿಯಿತು. ಚಿಕ್ಕಮ್ಮ ಥಟ್ಟನೆ ತಿರುಗಿದಳು. ಯಾರೂ ಇಲ್ಲ. "ಹ್ಞೂಂ" ಎಂದಳು. ಆ ಹ್ಞೂಂನಲ್ಲಿ ಸ್ವಲ್ಪ ಮರ್ಯಾದೆ ಇತ್ತು.

ಮುಂದಿನ ಕೋಣೆಯಲ್ಲಿ ಆಳೆತ್ತರದ ಕನ್ನಡಿ. ನಮ್ಮಿಬ್ಬರ ಪ್ರತಿಬಿಂಬದ ಹಿಂದೆ ಮೂರನೆಯವರೊಬ್ಬರು ಮೆಲ್ಲಗೆ ಮೂಡಿ, ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಅಳಿಸಿಹೋದರು. ಚಿಕ್ಕಮ್ಮನ ಹಿಡಿತ ಬಿಗಿಯಾಯಿತು. "ಇದು ನಮ್ಮಲ್ಲಿ ಇರ್ಲಿಲ್ಲ" ಎಂದಳು. ದನಿ ಇಳಿದಿತ್ತು.

ಆಗ ಕಟಕಟ ಸದ್ದು ಕೇಳಿಸಿತು. ಅವಳದೇ ಮೆಷಿನ್ನಿನ ಸದ್ದು. ಚಿಕ್ಕಮ್ಮ ನನ್ನ ಕೈಬಿಟ್ಟು ತಾನೇ ಮುಂದೆ ಹೋದಳು.

ಹೊಲಿಗೆ ಕೋಣೆ ಇದ್ದ ಹಾಗೇ ಇತ್ತು. ಕಾಲಲ್ಲಿ ತುಳಿಯುವ ಅದೇ ಮೆಷಿನ್, ಮಂಕು ಬಲ್ಬು, ಗುಂಡಿ ಡಬ್ಬಿ, ನೆಲದ ಮೇಲೆ ಹರಡಿಬಿದ್ದ ಬಿಳಿ ಬಟ್ಟೆ. ಹೊಲಿಯುತ್ತಿದ್ದವಳು ಚಿಕ್ಕ ವಯಸ್ಸಿನ ಹೆಂಗಸು. ನಾವು ಹೊಸ್ತಿಲು ದಾಟಿದ ಕೂಡಲೇ ಮೆಷಿನ್ ನಿಂತಿತು. ಅವಳು ದಾರವನ್ನು ಹಲ್ಲಿನಿಂದ ಕಚ್ಚಿದಳು, ತಲೆ ಎತ್ತಿದಳು. "ಅಳತೆ ಕೊಡ್ತೀರಾ?"

ಚಿಕ್ಕಮ್ಮನ ತುಟಿಯಂಚಿನಲ್ಲಿ ನಗು ಬಂತು. ಮುಂದೇನಿದೆ ಎಂದು ತನಗೆ ಗೊತ್ತಲ್ಲ! "ತಗೊಳ್ಳಮ್ಮ" ಎಂದು ಎರಡೂ ತೋಳು ಅಗಲಿಸಿ ನಿಂತಳು.

ಹೊಸಬಳು ಎದ್ದು ಬಂದಳು. ಹೆದರಿಸಲು ಚಿಕ್ಕಮ್ಮ ಎಂದೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಬಂದವಳು ಟೇಪು ಬಿಚ್ಚಿ, ಮೈಯನ್ನು ಮುಟ್ಟದೆ, ಚಿಕ್ಕಮ್ಮನ ಸೊಂಟವನ್ನಾಗಲಿ ತೋಳನ್ನಾಗಲಿ ಅಳೆಯದೆ, ಕೆಳಗೆ ಕೂತು ಟೇಪಿನ ತುದಿಯನ್ನು ಹಿಮ್ಮಡಿಯ ಹತ್ತಿರ ಇಟ್ಟಳು. ಅಲ್ಲಿಂದ ನೆತ್ತಿಯವರೆಗೆ ನಿಧಾನವಾಗಿ ಎಳೆದಳು. ಆಮೇಲೆ ತಿರುಗಿ ನೆಲದ ಮೇಲಿದ್ದ ಬಿಳಿ ಬಟ್ಟೆಯನ್ನು ನೋಡಿ, ತುಂಬಾ ಅಕ್ಕರೆಯಿಂದ ಹೇಳಿದಳು: "ಸಾಕಾಗುತ್ತೆ."

ಬಲ್ಬು ಆರಿತು. ಚಿಕ್ಕಮ್ಮ ಕಿರುಚಿದಳು. ನಾನು ಅವಳ ಬಾಯಿಂದ ಅಂಥ ಸದ್ದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನ್ನನ್ನು ಎಳೆದುಕೊಂಡು, ಮಂಡಿನೋವನ್ನೆಲ್ಲ ಮರೆತು, ಹಸಿರು ದೀಪದ ಬಾಗಿಲನ್ನು ತಳ್ಳಿ ಹೊರಗೆ ಬಿದ್ದಳು. ಗೋಡೆಗೆ ಒರಗಿ ನಿಂತು ನಕ್ಕಳು, ನಗುನಗುತ್ತಲೇ ಕಣ್ಣು ಒರೆಸಿಕೊಂಡಳು.

"ನನಗೇ ಹೆಣದ ಬಟ್ಟೆ ಅಳೆದ್ಳಲ್ಲ, ಎಂಥಾ ಕೆಲಸ ಮಾಡಿದ್ಳು ಕಣೇ! ಎಂಥಾ ಕೆಲಸ!"

ಯಜಮಾನರ ಮಗಳು ನಮ್ಮನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅದು ದೆವ್ವಗಳು ದಣಿವಾರಿಸಿಕೊಳ್ಳುವ ಕೋಣೆ. ಫ್ಯಾನು, ಕನ್ನಡಿ, ಕುಡಿಯುವ ನೀರು. ಹಳೆಯ ಜಾಗದಲ್ಲಿ ಎಲ್ಲ ದೆವ್ವಗಳಿಗೂ ಸೇರಿ ಇದ್ದದ್ದು ಒಂದು ಕುಂಟು ಸ್ಟೂಲು, ಅದರ ಮೇಲೂ ಇಲಿಗಳ ಓಡಾಟ. "ಕುರ್ಚಿಗೆ ಮೆತ್ತೆ ಬೇರೆ ಹಾಕಿದಾರೆ ನೋಡು!" ಎಂದು ಚಿಕ್ಕಮ್ಮ ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದಳು.

ಮೂಲೆಯಲ್ಲಿ ಯಜಮಾನರು ಕೂತಿದ್ದರು. ಮೀಸೆ ಪೂರಾ ಬೆಳ್ಳಗಾಗಿತ್ತು. ಅಷ್ಟರಲ್ಲಿ ಹೊಲಿಗೆ ಕೋಣೆಯ ಹೊಸಬಳೂ ಬಂದಳು. ತಾನು ಹೆದರಿಸಿದ್ದು ಯಾರನ್ನೆಂದು ತಿಳಿದು ಅವಳ ಮುಖ ಬಿಳಿಚಿಕೊಂಡಿತು.

"ಅಮ್ಮಾ, ನೀವು ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಕೈಕಾಲೇ ಆಡ್ತಿರ್ಲಿಲ್ಲ."

"ಗೊತ್ತಿಲ್ಲದೆ ಇದ್ದಿದ್ದೇ ಒಳ್ಳೇದಾಯ್ತು. ದಾರ ಕಚ್ಚೋದು, ತಲೆ ಎತ್ತೋದು ಎಲ್ಲಾ ಅಚ್ಚು ನನ್ನ ಹಾಗೇ ಇದೆಯಲ್ಲಮ್ಮ. ನನ್ನನ್ನ ಯಾವಾಗ ನೋಡಿದ್ದೆ?"

"ನೋಡೇ ಇಲ್ಲಮ್ಮ. ಯಜಮಾನರೇ ಕಲಿಸಿದ್ರು. ತಾವೇ ಮೆಷಿನ್ ಮುಂದೆ ಕೂತು ಮಾಡಿ ತೋರಿಸಿದ್ರು. 'ಹಾಗಲ್ಲ, ಟೈಲರಮ್ಮ ಮೊದಲು ಕಣ್ಣು ಎತ್ತುತಿರ್ಲಿಲ್ಲ, ಗದ್ದ ಎತ್ತುತಿದ್ರು' ಅಂತ ಮತ್ತೆ ಮತ್ತೆ ಮಾಡಿಸಿದ್ರು."

ಚಿಕ್ಕಮ್ಮ ಯಜಮಾನರ ಕಡೆ ತಿರುಗಿದಳು. "ನೀವು ಎಲ್ಲಿಂದ ನೋಡ್ತಿದ್ರಿ?"

"ಪರದೆ ಹಿಂದಿನಿಂದ" ಎಂದರು ಅವರು ಮೀಸೆ ಸವರಿಕೊಳ್ಳುತ್ತಾ. "ಹೆಚ್ಚುಕಮ್ಮಿ ದಿನಾ."

"ಮತ್ತೆ ಒಂದು ದಿನಾನಾದ್ರೂ ಚೆನ್ನಾಗಿದೆ ಅನ್ಲಿಲ್ಲವಲ್ಲ!"

"ಅಂದಿದ್ರೆ ನೀವು ನಟನೆ ಮಾಡೋಕೆ ಶುರು ಮಾಡ್ತಿದ್ರಿ, ಟೈಲರಮ್ಮ."

ಚಿಕ್ಕಮ್ಮ ಪಕ್ಕದ ಕುರ್ಚಿಯ ಮೆತ್ತೆಯನ್ನು ತಟ್ಟಿ ಸರಿಮಾಡಿದಳು. ಆಮೇಲೆ ಹೊಸಬಳ ಕೈ ಹಿಡಿದು ಕೇಳಿದಳು: "ಆ ಟೇಪು? ಅದನ್ನೂ ಇವರೇ ಹೇಳಿಕೊಟ್ರಾ?"

"ಇಲ್ಲಮ್ಮ, ಅದು ನನಗೇ ಹೊಳೀತು."

"ನಾನು ಅಷ್ಟು ವರ್ಷ ಕೇಳಿದೆ, ಅಳತೆ ಕೊಡ್ತೀರಾ ಅಂತ. ಒಂದು ದಿನಾನೂ ತಗೊಳ್ಳಲಿಲ್ಲ ನೋಡು" ಎಂದಳು ಚಿಕ್ಕಮ್ಮ. ಅದರಲ್ಲಿ ಹೊಟ್ಟೆಕಿಚ್ಚಿನ ಸುಳಿವೂ ಇರಲಿಲ್ಲ. ಒಳ್ಳೆಯ ಕೈಕೆಲಸ ಕಂಡಾಗ ಬಟ್ಟೆಯ ಒಳಮಗ್ಗುಲನ್ನು ತಿರುಗಿಸಿ ನೋಡುವಾಗಿನ ಮುಖವಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಈಗ ಹೇಳು. ಹಳೇದು ಚೆನ್ನಾಗಿತ್ತೋ, ಹೊಸದೋ?"

"ಆ ಗೋಡೆ, ಆ ತಣ್ಣಗಿರೋ ಕತ್ತಲೆ ದುಡ್ಡು ಕೊಟ್ರೂ ಸಿಗಲ್ಲ, ಬಿಡು. ಅದು ಹೋಯ್ತು. ಆದ್ರೆ ಹೆದರಿಕೆ ಇದರಲ್ಲೇ ಜಾಸ್ತಿ."

"ಹಳೇದಕ್ಕಿಂತ್ಲೂ?"

"ಹಳೇದು ನನಗೆ ಹೇಗೆ ಕಣೇ ಗೊತ್ತಾಗ್ಬೇಕು? ಟಿಕೆಟ್ ತಗೊಂಡು ನಾನು ಯಾವತ್ತು ಒಳಗೆ ಹೋಗಿದ್ದೆ?" ಎಂದವಳು ಕಿಟಕಿಯ ಕಡೆ ತಿರುಗಿ ಒಬ್ಬಳೇ ನಗತೊಡಗಿದಳು.

ಈಗ ಅವಳು ಭೂತಬಂಗಲೆಯ ಉಡುಪುಗಳನ್ನೆಲ್ಲ ಮನೆಯಲ್ಲೇ ಕೂತು ಹೊಲಿದುಕೊಡುತ್ತಾಳೆ. ಕೊಡಲು ಹೋದಾಗ, ದಾರಿಯ ಕೊನೆಯಲ್ಲಿ ಬೆಳಕು ಜಾಸ್ತಿಯಾಯಿತು, ಕನ್ನಡಿಯ ದೆವ್ವ ಇನ್ನೊಂದು ಚೂರು ತಡವಾಗಿ ಬರಲಿ ಎಂದೆಲ್ಲ ಹೇಳಿ ಬರುತ್ತಾಳೆ; ಅವರೂ ಕೇಳುತ್ತಾರೆ. ಹೋದ ತಿಂಗಳು ಹಟ ಹಿಡಿದು ನನ್ನ ಅಮ್ಮನನ್ನೂ ಕರೆದುಕೊಂಡು ಹೋದಳು. ತಂಗಿ ದೆವ್ವವಾಗಿದ್ದ ಅಷ್ಟೂ ಕಾಲ ಅಮ್ಮ ಹೆದರಿ ಆ ಕಡೆ ಕಾಲಿಟ್ಟವಳಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆ. ಒಳಗಿನಿಂದ ಎರಡು ಕಿರುಚಾಟ ಒಟ್ಟಿಗೇ ಕೇಳಿಸಿತು. ಯಾವುದು ಯಾರದೆಂದು ಹೇಳುವುದು ನನ್ನಿಂದಲೂ ಆಗಲಿಲ್ಲ. ಬಾಗಿಲು ತಳ್ಳಿಕೊಂಡು ಅಕ್ಕ ತಂಗಿ ಒಬ್ಬರ ಸೆರಗು ಒಬ್ಬರು ಹಿಡಿದು ಹೊರಬಂದರು. ಅಮ್ಮ ಏದುಸಿರು ಬಿಡುತ್ತಾ, "ಇದೇನೇ, ಇಷ್ಟು ಚೆನ್ನಾಗಿ ಮಾಡ್ತಿದ್ಯಾ ನೀನು?" ಎಂದಳು.

"ಇದು ನಾನಲ್ಲ ಅಕ್ಕ, ಅವಳು" ಎಂದು ಚಿಕ್ಕಮ್ಮ ಒಳಗಡೆ ಕೈ ತೋರಿಸಿದಳು. "ಇನ್ನೊಂದ್ಸಲ ಹೋಗೋಣ್ವಾ?"