ಖಾಸಿಂಸಾಬರ ಪೆಟ್ಟಿಗೆಯಲ್ಲಿ ನಿಂಗಮ್ಮ

ಹೋದ ಗುರುವಾರ ನಾನು ಒಬ್ಬ ಹೆಣ್ಣುಮಗಳಿಗೆ ಇನ್ನೊಬ್ಬಳ ಬಾಲ್ಯವನ್ನು ಬರೆದುಕೊಡುವವನಿದ್ದೆ. ಅದೂ ಕಾಗುಣಿತದ ಒಂದೇ ಒಂದು ತಪ್ಪಿಲ್ಲದೆ.

ನಡೆದದ್ದು ದೇವದುರ್ಗದ ಒಂದು ಹಳೆಯ ಶಾಲೆಯಲ್ಲಿ. ನಿಜಾಮರ ಕಾಲ ಮುಗಿದ ಮೇಲೂ ಅಲ್ಲಿನ ದಾಖಲಾತಿ ರಿಜಿಸ್ಟರುಗಳು ಹಳೆಯ ರೂಢಿಯಂತೆ ಬಹುಕಾಲ ಉರ್ದುವಿನಲ್ಲೇ ಇದ್ದವು. ಅನಂತರ ಯಾರೋ ಅವನ್ನು ಕನ್ನಡಕ್ಕೆ ಇಳಿಸಿದರು. ಆ ಕನ್ನಡ ಪ್ರತಿಗೆ ಹೆಸರುಗಳ ಅಕಾರಾದಿ ಸೂಚಿಯನ್ನು ಸಿದ್ಧಪಡಿಸಿದವನು ನಾನು. (ಇಪ್ಪತ್ತು ವರ್ಷ ತರಗತಿಯಲ್ಲಿ ಕೆಂಪು ಶಾಯಿ ಸುರಿದವನನ್ನು ಬಿಟ್ಟು ಇನ್ನಾರನ್ನು ಕರೆದಾರು?) ಮಾನ್ವಿಯಿಂದ ಬಸ್ ಹಿಡಿದು ಹೋಗಿ ಆ ಪುಸ್ತಕವನ್ನು ಒಪ್ಪಿಸಿದ ದಿನವೇ ಅರಕೇರಾದ ನಿಂಗಮ್ಮ ಬಂದರು. ವಯಸ್ಸು ನಲವತ್ತರ ಆಸುಪಾಸು.

"ನಾಲ್ಕನೇ ಕ್ಲಾಸ್ ತನಕ ಓದೀನ್ರಿ ಇಲ್ಲೇ. ಬಾಲವಾಡ್ಯಾಗ ಸಹಾಯಕಿ ಕೆಲಸ ಅದ. ನಾಳಿ ಮಧ್ಯಾಹ್ನದೊಳಗ ರಾಯಚೂರಿನ ಆಫೀಸಿಗೆ ಹುಟ್ಟಿದ ತಾರೀಕಿನ ಸಾಲಿ ಸರ್ಟಿಫಿಕೇಟ್ ಮುಟ್ಟಬೇಕ್ರಿ. ಮುಟ್ಟಲಿಲ್ಲಂದ್ರ ಮತ್ತೊಬ್ಬರಿಗೆ ಹೋತದ."

ನಾನು ಸೂಚಿ ತೆರೆದೆ. ನಿಂಗಮ್ಮ, ತಂದೆ ಹನುಮಂತಪ್ಪ. ನಿಮಿಷವೂ ಹಿಡಿಯಲಿಲ್ಲ. ವಿಧಾನ ಎಂದರೆ ಹೀಗಿರಬೇಕಲ್ಲವೇ? ಸರ್ಟಿಫಿಕೇಟ್ ತುಂಬಿಕೊಡಲು ಪೆನ್ನಿನ ಕ್ಯಾಪ್ ತೆಗೆದೆ.

"ಒಂದ್ ಗಳಿಗಿ ತಡೀರಿ ಸರ್ರ," ಎಂದರು ಶಾಲೆಯ ಗುಮಾಸ್ತ ಖಾಸಿಂಸಾಬರು. "ಹೆಸರು ಕೂಡಿತು ಅಂದ್ರ ಮನಿಷಾನೂ ಕೂಡಿದಂಗಲ್ರಿ. ಹನುಮಂತಪ್ಪ ಇಲ್ಲದ ಓಣಿ ಎಲ್ಲಿ ಅದ ಹೇಳ್ರಿ ನಮ್ಮ ಕಡಿ?"

ಅವರು ಕಪಾಟಿನಿಂದ ಒಂದು ಮರದ ಪೆಟ್ಟಿಗೆಯನ್ನು ಇಳಿಸಿದರು. ಒಳಗೆ ರಟ್ಟಿನ ಚೀಟಿಗಳು, ಒಂದು ಚೀಟಿಗೆ ಒಂದು ಹೆಸರು. ಆದರೆ ಕ್ರಮ? ವ್ಯಾಕರಣ ಬಲ್ಲವರು ಕಣ್ಣು ಮುಚ್ಚಿಕೊಳ್ಳಬೇಕು. ಸ್ವರಗಳಿಗೆ ಲೆಕ್ಕವೇ ಇಲ್ಲ. ನ ಮತ್ತು ಲ ಒಂದೇ ಖಾನೆಯಲ್ಲಿ. ಕ ಮತ್ತು ಗ ಒಂದೇ ಖಾನೆಯಲ್ಲಿ. ಅಮ್ಮನಿಗೂ ಅವ್ವನಿಗೂ ಭೇದವಿಲ್ಲ.

"ಇದೇನು ಸಾಹೇಬರೇ, ಸಂತೆಯೇ?"

"ಸಂತಿನೇ ರೀ. ಉರ್ದು ಬರಿಯೋದ್ರಾಗ ಸಣ್ಣ ಸ್ವರ ಬರಿಯೋದೇ ಇಲ್ಲ. ಗ ಮ್ಯಾಲಿನ ಗೀಟು ಅವಸರದಾಗ ಬಿಟ್ರ ಅದು ಕ ಆಗ್ತದ. ಕನ್ನಡಕ್ಕ ಇಳಿಸಿದವರು ಕಂಡಂಗ ಇಳಿಸ್ಯಾರ. ಲಿಂಗಪ್ಪಗ ನಿಂಗಪ್ಪ ಅನ್ನೋದು ನಮ್ಮ ಮಂದಿ ಬಾಯಿ. ಅದಕ್ಕ ಎಲ್ಲಾರನ್ನೂ ಒಂದೇ ಕಡಿ ಕುಂದ್ರಿಸೀನಿ."

(ರಾಯಚೂರಿನಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ನನ್ನ ತಂಗಿಯ ಮಗಳಿಗೆ ಇದನ್ನು ಹೇಳಿದೆ. ಯಂತ್ರಕ್ಕೂ ಹೀಗೆಯೇ ಕಲಿಸುತ್ತಾರಂತೆ: ಸ್ವರಗಳನ್ನು ಬಿಡು, ಸಮೀಪದ ವ್ಯಂಜನಗಳಿಗೆ ಒಂದೇ ಅಂಕೆ ಕೊಡು, ಅಂಕೆ ಹೊಂದಿದವರನ್ನೆಲ್ಲ ಹೊರಗೆ ಕರೆ. ಅವಳು ಅದನ್ನು ಅಲ್ಗಾರಿದಮ್ ಎನ್ನುತ್ತಾಳೆ. ಖಾಸಿಂಸಾಬರು ಪೆಟ್ಟಿಗೆ ಎನ್ನುತ್ತಾರೆ.)

ಒಂದೇ ಖಾನೆಯಿಂದ ನಾಲ್ಕು ಚೀಟಿಗಳು ಹೊರಬಂದವು. ನಿಂಗಮ್ಮ, ಲಿಂಗಮ್ಮ, ನಿಂಗವ್ವ, ನನಕಮ್ಮ. ಮೊದಲನೆಯವಳಿಗೂ ಕೊನೆಯವಳಿಗೂ ತಂದೆ ಹನುಮಂತಪ್ಪ. ನನಕಮ್ಮ ಎಂಬ ಹೆಸರನ್ನು ಈ ಜಿಲ್ಲೆಯಲ್ಲಿ ಯಾರಾದರೂ ಇಟ್ಟುಕೊಂಡಿದ್ದಾರೆಯೇ? ಉರ್ದುವಿನಲ್ಲಿ ಸ್ವರ ಬಿಟ್ಟು, ಗ ಮೇಲಿನ ಗೀಟು ಮರೆತು ಬರೆದ ನಿಂಗಮ್ಮನೇ ಕನ್ನಡಕ್ಕೆ ಇಳಿಯುವಾಗ ನನಕಮ್ಮ ಆಗಿದ್ದಳು. ನನ್ನ ಸೂಚಿಯಲ್ಲಿ ಮಾತ್ರ ಆಕೆ ಅಚ್ಚುಕಟ್ಟಾಗಿ ಬೇರೊಂದು ಪುಟದಲ್ಲಿ ಕುಳಿತಿದ್ದಳು.

ಖಾಸಿಂಸಾಬರು ಚೀಟಿಗಳನ್ನು ಮಗುಚಿಟ್ಟರು. "ಯವ್ವಾ, ನಿನ್ನ ಸಾಲಿಗಿ ಹಚ್ಚಿದವರು ಯಾರು?"

"ನಮ್ಮ ಸ್ವಾದರಮಾವ್ರಿ. ಯಪ್ಪ ಕುರಿ ಹೊಡಕೊಂಡು ದೂರ ಹೋಗಿದ್ದ. ಮಾವ ಕಂಬಳಿ ನೇಯ್ತಿದ್ದ. ನನ್ನ ಕರಕೊಂಡು ಬಂದು ಮಾಸ್ತರಿಗಿ ಹೇಳಿದ್ನಂತ, 'ಇಕಿ ಎಣಿಸೋದು ಕಲೀಲ್ರಿ, ಕುರಿ ನಾವ್ ನೋಡ್ಕೊಂತೀವಿ' ಅಂತ."

ಮೂಲದ ಉರ್ದು ರಿಜಿಸ್ಟರ್ ಬಂತು. ಖಾಸಿಂಸಾಬರ ಬೆರಳು ಬಲದಿಂದ ಎಡಕ್ಕೆ ಸಾಗಿತು. ನಿಂಗಮ್ಮ: ಕರೆತಂದವರು ತಂದೆ, ದೇವದುರ್ಗದಲ್ಲಿ ಕಿರಾಣಿ ವ್ಯಾಪಾರ. ನನಕಮ್ಮ: ಕರೆತಂದವರು ಮಾಮು, ಅಂದರೆ ಸೋದರಮಾವ, ಕಂಬಳಿ ನೇಯುವವರು, ಅರಕೇರಾ.

"ನೀನೇ ಬೇ ಇಕಿ," ಎಂದರು ಖಾಸಿಂಸಾಬರು.

ಆಕೆ ಉರ್ದು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. "ಮಾವನ ಹೆಸರು ಬರದಾರೇನ್ರಿ?"

ಬರೆದಿದ್ದರು.

ಕಿರಾಣಿ ವ್ಯಾಪಾರಿಯ ಮಗಳು ಈಗ ಮಾನ್ವಿಯ ಅಕ್ಕಿ ಗಿರಣಿಯವರ ಮನೆಯಲ್ಲಿ ಸೊಸೆಯಾಗಿ ಸುಖವಾಗಿದ್ದಾರಂತೆ. ನಾನು ಕೊಡಲಿದ್ದದ್ದು ಅವರ ಜನ್ಮದಿನಾಂಕವನ್ನು. ಯಾರಾದರೂ ಒಂದು ತಕರಾರು ಅರ್ಜಿ ಹಾಕಿದ್ದರೆ ಸಾಕಿತ್ತು. ಅರಕೇರಾದ ನಿಂಗಮ್ಮ ಸುಳ್ಳು ದಾಖಲೆ ತಂದವರೆನಿಸಿ ಮನೆಗೆ ಹೋಗುತ್ತಿದ್ದರು.

ಶುದ್ಧ ಬರಹದ ಮೇಲಿನ ನನ್ನ ನಂಬಿಕೆ ಎಳ್ಳಷ್ಟೂ ಸಡಿಲವಾಗಿಲ್ಲ. ಆದರೆ ಹುಡುಕುವುದು ಬೇರೆ, ಒಪ್ಪುವುದು ಬೇರೆ. ಖಾಸಿಂಸಾಬರು ಹುಡುಕುವಾಗ ಎಲ್ಲರನ್ನೂ ಒಳಗೆ ಬಿಟ್ಟುಕೊಂಡರು. ಒಪ್ಪುವಾಗ ಒಬ್ಬರನ್ನೂ ಸುಮ್ಮನೆ ಬಿಡಲಿಲ್ಲ. ನಾನು ಮಾಡಿದ್ದು ಸರಿಯಾಗಿ ತಿರುವುಮುರುವು. ನಮ್ಮ ಎಷ್ಟು ಕಚೇರಿಗಳು ಇದನ್ನೇ ಮಾಡುತ್ತಿಲ್ಲ?

ಹೆಡ್‌ಮಾಸ್ತರರ ಸಹಿಯಾಯಿತು. ಶುಕ್ರವಾರ ಹನ್ನೊಂದು ಗಂಟೆಗೇ ಕಾಗದ ರಾಯಚೂರು ಮುಟ್ಟಿತು.

ನನ್ನ ಸೂಚಿಯಲ್ಲಿ ಒಂದು ತಪ್ಪನ್ನಾದರೂ ತೋರಿಸಿ ಎಂದು ಈಗಲೂ ಪಂಥ ಕಟ್ಟುತ್ತೇನೆ. ಅದರಲ್ಲಿ ಅರಕೇರಾದ ನಿಂಗಮ್ಮನನ್ನು ಹುಡುಕಿಕೊಡಿ ಎಂದು ಮಾತ್ರ ಕೇಳಬೇಡಿ.